ಸಹಾಯ ಬೇಕು: ಮಂಡಿನೋವಿರುವ ಅಮ್ಮನ ಜೊತೆ ಬೋಡಿಯಂ ಕೋಟೆಗೆ

ನಮಸ್ಕಾರ. ಮೈಸೂರಿನಿಂದ ಅಪ್ಪ ಅಮ್ಮ ಬಂದಿದ್ದಾರೆ. ಅವರಿಗೆ ಇಲ್ಲಿ ಇಂಗ್ಲೆಂಡಿನ ಈಸ್ಟ್ ಸಸೆಕ್ಸ್‌ನ ಬೋಡಿಯಂ ಕೋಟೆ ತೋರಿಸಬೇಕು ಅಂತ ತುಂಬಾ ಆಸೆ. 1385ರ ಕೋಟೆ, ಸುತ್ತಲೂ ನಮ್ಮೂರ ಕೆರೆ ಥರ ಅಗಲವಾದ ಕಂದಕ. ಕಳೆದ ಸಲ ನಾನು ಹೋದಾಗ ಗಾಳಿಯೇ ಇರಲಿಲ್ಲ. ದುಂಡು ಬುರುಜುಗಳು ನೀರಲ್ಲಿ ತಲೆಕೆಳಗಾಗಿ ನಿಂತಿದ್ದವು! ನಮ್ಮ ವೈಸ್‌ರಾಯ್ ಆಗಿದ್ದ ಲಾರ್ಡ್ ಕರ್ಜನ್ ಇದನ್ನು ಕೊಂಡು ದುರಸ್ತಿ ಮಾಡಿಸಿದ್ದು ಅಂದ ಮೇಲೆ ಅಪ್ಪನಿಗೂ ಕುತೂಹಲ ಜಾಸ್ತಿ.

ಅಮ್ಮನಿಗೆ ಮಂಡಿನೋವು. ಬುರುಜಿನ ಸುರುಳಿ ಮೆಟ್ಟಿಲು ಬೇಡವೇ ಬೇಡ. ಆದರೆ ಕಾರ್ ಪಾರ್ಕಿಂಗ್‌ನಿಂದ ಕಂದಕದವರೆಗಿನ ದಾರಿಯಲ್ಲಿ, ಸೇತುವೆ ಮೇಲೆ ವ್ಹೀಲ್‌ಚೇರ್ ಸಲೀಸಾಗಿ ಹೋಗುತ್ತಾ? ಮಳೆ ಬಂದರೆ ಕೆಸರಾಗುತ್ತಾ? ಟೆಂಟರ್ಡನ್‌ನಿಂದ ಉಗಿಬಂಡಿಯಲ್ಲಿ ಬಂದರೆ ಹತ್ತಿ ಇಳಿಯೋದು ಕಷ್ಟವಾ? ವಯಸ್ಸಾದವರನ್ನು ಕರೆದುಕೊಂಡು ಹೋದವರು ದಯವಿಟ್ಟು ತಿಳಿಸಿ. ಮುಂದಿನ ಶನಿವಾರ ಹೊರಡುತ್ತಿದ್ದೇವೆ.