ದ್ರಾಸ್‌ನ ಕಾರ್ಗಿಲ್ ಯುದ್ಧ ಸ್ಮಾರಕಕ್ಕೆ ನಾವೇ ಹೋಗಬೇಕಂತ ಮಾಡೇವಿ, ಹೋಗಿ ಬಂದವರು ಹೇಳ್ರಿ

ಹುಬ್ಬಳ್ಳಿಯಿಂದ

ನಮಸ್ಕಾರ ರೀ. ನಮ್ಮ ಕಾಕಾ 1999ರ ಕಾರ್ಗಿಲ್ ಯುದ್ಧದಾಗ ತೀರಿಕೊಂಡ್ರು. ನಾನಾಗ ಎರಡನೇ ಇಯತ್ತೆ. ಊರ ಅಗಸಿ ಮುಂದ ಮಿಲಿಟರಿ ಗಾಡಿ ನಿಂತಿದ್ದು, ಅಪ್ಪಾಜಿ ಅದರ ಹಿಂದಿನ ಬಾಗಿಲಾ ಹಿಡಕೊಂಡು ಬಿಡದ ನಿಂತಿದ್ದು, ಇಷ್ಟ ನೆನಪೈತಿ. ದ್ರಾಸ್‌ನ ಸ್ಮಾರಕದಾಗ ಕಾಕಾನ ಹೆಸರು ಕೆತ್ಯಾರ ಅಂತ ಕೇಳೇವಿ, ನಮ್ಮ ಮನ್ಯಾಗ ಯಾರೂ ಹೋಗಿ ನೋಡಿಲ್ಲ. ಅಪ್ಪಾಜಿಗೆ ಈಗ 67, ಅವ್ವಗ 61. ಅವ್ವನ ಮೊಣಕಾಲು ಅಷ್ಟಕ್ಕಷ್ಟ. ಟೂರ್‌ನವ್ರನ್ನ ಕೇಳಿದ್ರ ಲೇಹ್, ಪ್ಯಾಂಗಾಂಗ್ ಎಲ್ಲಾ ಹೇಳಿ ನಡುವ "ದ್ರಾಸ್ ಅರ್ಧ ತಾಸು" ಅಂತಾರ. ಅರ್ಧ ತಾಸಿನ ಸಲುವಾಗಿ ಅಪ್ಪಾಜಿನ್ನ ಅಷ್ಟು ದೂರ ಕರಕೊಂಡು ಹೋಗಾಕ ನನಗ ಮನಸ್ಸಿಲ್ಲ. ನಾವ ನಾಲ್ಕು ಮಂದಿ ಜೂನ್‌ದಾಗ ಹೋಗಬೇಕಂತ ಮಾಡೇವಿ. ಯಾವ ಕಡೆಯಿಂದ ಹೋಗಬೇಕು, ಎಷ್ಟು ದಿನ ಬೇಕು, ಹೆಸರು ಹುಡುಕೂದು ಹೆಂಗ, ವಯಸ್ಸಾದವರಿಗೆ ಆ ಎತ್ತರ ತಡೀತೈತೋ ಇಲ್ಲೋ, ಗೊತ್ತಿದ್ದವರು ಬರೀರಿ.

ತೀರ್ಥಹಳ್ಳಿಯಿಂದ

ತಂಗೀ, ನಾನೂ ನನ್ನ ಹೆಂಡತಿಯೂ ಎರಡು ವರ್ಷದ ಹಿಂದೆ ಸೆಪ್ಟೆಂಬರಿನಲ್ಲಿ ನಮ್ಮಷ್ಟಕ್ಕೆ ನಾವೇ ಹೋಗಿ ಬಂದೆವು. ನನಗಾಗ 64. ಎಲ್ಲಕ್ಕಿಂತ ಮೊದಲು ಒಂದು ಮಾತು: ದ್ರಾಸ್‌ನಲ್ಲಿ ರಾತ್ರಿ ಉಳಿಯಿರಿ. ಬೇರೆ ಏನನ್ನು ಬಿಟ್ಟರೂ ಇದನ್ನು ಬಿಡಬೇಡಿ.

ಯಾಕೆ ಹೇಳುತ್ತೇನೆಂದರೆ, ಶ್ರೀನಗರದಿಂದ ಹೊರಟ ಗಾಡಿಗಳು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಸ್ಮಾರಕದ ಮುಂದೆ ಬಂದು ನಿಲ್ಲುತ್ತವೆ. ಮೊದಲ ದಿನ ನಾವೂ ಅದೇ ಹೊತ್ತಿಗೆ ಹೋದೆವು. ಹೆಸರು ಕೆತ್ತಿದ ಗೋಡೆಯ ಮುಂದೆ ಫೋಟೊಕ್ಕೆ ನಿಂತವರ ಸಾಲು, ಡ್ರೈವರುಗಳ ಹಾರ್ನು. ಒಂದು ಹೆಸರನ್ನೂ ಪೂರ್ತಿ ಓದಲು ಆಗಲಿಲ್ಲ. ಆ ರಾತ್ರಿ ದ್ರಾಸ್ ಪೇಟೆಯಲ್ಲಿ ಒಂದು ಸಣ್ಣ ಹೋಟೆಲಿನಲ್ಲಿ ಉಳಿದು, ಮರುದಿನ ಬೆಳಿಗ್ಗೆ ಗೇಟು ತೆರೆಯುತ್ತಿದ್ದಂತೆ ಮತ್ತೆ ಹೋದೆವು. ಒಳಗೆ ನಾವಿಬ್ಬರೇ. ಪಕ್ಕದ ವೀರಭೂಮಿಯಲ್ಲಿ ಹೆಸರು ಬರೆದ ಕಲ್ಲುಗಳು ಸಾಲಾಗಿ ನಿಂತಿವೆ. ಒಬ್ಬ ಹುಡುಗ ಸೈನಿಕ ಬಕೆಟ್ಟು ಹಿಡಿದು ಒಂದೊಂದೇ ಕಲ್ಲನ್ನು ಒರೆಸುತ್ತ ಬರುತ್ತಿದ್ದ. ಅಕ್ಷರದ ಸಂದಿಯಲ್ಲಿ ಕೂತ ಧೂಳನ್ನು ಬೆರಳ ತುದಿಗೆ ಬಟ್ಟೆ ಸುತ್ತಿಕೊಂಡು ತೆಗೆಯುತ್ತಿದ್ದ. ಒಂದು ಕಲ್ಲು ಮುಗಿದ ಮೇಲೆ ಎದ್ದು ನಿಂತು ನೋಡಿ, ಆಮೇಲೆ ಮುಂದಿನದಕ್ಕೆ ಹೋಗುತ್ತಿದ್ದ. ನನ್ನ ಹೆಂಡತಿ ಅವನನ್ನೇ ನೋಡುತ್ತ ನಿಂತುಬಿಟ್ಟಳು. ನಿಮ್ಮ ತಂದೆಗೆ ಅಂಥದೊಂದು ಬೆಳಗು ಸಿಗಲಿ ಅಂತ ನನ್ನ ಆಸೆ.

ದಾರಿ: ಶ್ರೀನಗರದ ಕಡೆಯಿಂದಲೇ ಹೋಗಿ. ಶ್ರೀನಗರದಿಂದ ದ್ರಾಸ್ ಸುಮಾರು 140 ಕಿ.ಮೀ. ಸ್ಮಾರಕ ಇರುವುದು ಪೇಟೆ ದಾಟಿ ಕಾರ್ಗಿಲ್ ಕಡೆಗೆ ಐದಾರು ಕಿ.ಮೀ. ಮುಂದೆ, ಹೆದ್ದಾರಿಯ ಪಕ್ಕದಲ್ಲೇ. ಲೇಹ್‌ನಿಂದ ಬಂದರೆ 270 ಕಿ.ಮೀ.ಗೂ ಹೆಚ್ಚು, ನಡುವೆ 4,108 ಮೀಟರಿನ ಫೋಟು ಲಾ ಹತ್ತಿ ಇಳಿಯಬೇಕು. ಸೋನಾಮಾರ್ಗಕ್ಕೆ 2025ರ ಜನವರಿಯಿಂದ ಸುರಂಗ ಆಗಿದೆ. ಆದರೆ ಅದು ಸೋನಾಮಾರ್ಗದವರೆಗೆ ಮಾತ್ರ. ಅಲ್ಲಿಂದ ಆಚೆ ಜೋಜಿ ಲಾ ಕಣಿವೆಯನ್ನು ಮೇಲಿನ ರಸ್ತೆಯಲ್ಲೇ ದಾಟಬೇಕು, 3,528 ಮೀಟರು. ಅಲ್ಲಿ ಗಾಡಿ ಬಿಡುವ ಹೊತ್ತನ್ನು ಪೊಲೀಸರು ನಿರ್ಧರಿಸುತ್ತಾರೆ, ಮಳೆ ಬಂದರೆ ತಡೆದುಬಿಡುತ್ತಾರೆ. ಹಾಗಾಗಿ ಹಿಂದಿನ ರಾತ್ರಿ ಸೋನಾಮಾರ್ಗದಲ್ಲಿ ತಂಗಿ ಬೆಳಿಗ್ಗೆ ಬೇಗ ಹೊರಡುವುದು ಒಳ್ಳೆಯದು. ವಾಪಸು ಬರುವ ವಿಮಾನಕ್ಕೂ ಮೊದಲು ಒಂದು ದಿನ ಖಾಲಿ ಇಟ್ಟುಕೊಳ್ಳಿ. ಜೂನ್ ಕೊನೆಯಷ್ಟಕ್ಕೆ ಅಮರನಾಥ ಯಾತ್ರೆಯ ಗದ್ದಲ ಶುರುವಾಗುವುದುಂಟು. ಯಾತ್ರೆ ಹೊರಡುವ ಬಾಲ್ಟಾಲ್ ಇದೇ ದಾರಿಯಲ್ಲಿದೆ. ತಿಂಗಳ ಮೊದಲರ್ಧದಲ್ಲೇ ಮುಗಿಸಿಕೊಳ್ಳಿ.

ಸ್ಮಾರಕಕ್ಕೆ ಟಿಕೆಟ್ಟಿಲ್ಲ. ಆಧಾರ್ ತೋರಿಸಿದರೆ ಸಾಕು. ಅವ್ವನಿಗೆ ತೊಂದರೆಯಾಗದು, ಗೇಟಿನಿಂದ ಗೋಡೆಯವರೆಗೆ ವಿಜಯಪಥ ಅಂತ ನೇರ ಹಾದಿ. ಮೆಲ್ಲಗೆ ನಡೆದರೆ ಆಯಿತು.

ಬೆಂಗಳೂರಿನಿಂದ

ನಾನು ಬೈಕಿನಲ್ಲಿ ಮೂರು ಸಲ ಆ ದಾರಿಯಲ್ಲಿ ಹೋದವನು. ತೀರ್ಥಹಳ್ಳಿಯವರು ಹೇಳಿದ್ದಕ್ಕೆ ಎರಡೇ ವಿಷಯ ಸೇರಿಸುತ್ತೇನೆ. ನಮ್ಮ ಕಡೆಯ ಪ್ರೀಪೇಡ್ ಸಿಮ್ ಜಮ್ಮು ಕಾಶ್ಮೀರ, ಲಡಾಖ್‌ನಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಡ್ ಮಾತ್ರ. ನಾಲ್ವರಲ್ಲಿ ಇಬ್ಬರಾದರೂ ಹೊರಡುವ ಮೊದಲೇ ಪೋಸ್ಟ್‌ಪೇಡ್ ಮಾಡಿಸಿಕೊಳ್ಳಿ ಅಕ್ಕಾ. ಇನ್ನೊಂದು, ನಗದು ಸಾಕಷ್ಟಿರಲಿ. ಊಟಕ್ಕೆ ರಾಜ್ಮಾ ಅನ್ನ, ಆಲೂ, ರೊಟ್ಟಿ ಸಿಗುತ್ತೆ. ಜೊತೆಗೆ ಮನೆಯ ಚಟ್ನಿಪುಡಿ ಇದ್ದರೆ ನಿಮ್ಮ ತಂದೆತಾಯಿ ನಾಲ್ಕು ತುತ್ತು ಹೆಚ್ಚು ಉಣ್ಣುತ್ತಾರೆ.

ಮೈಸೂರಿನಿಂದ

ನಾನು ವೈದ್ಯೆ. ನನ್ನ ಅತ್ತೆ ಮಾವನನ್ನು ಕರೆದುಕೊಂಡು ಹೋಗಿದ್ದೆ. ಶ್ರೀನಗರ ಸುಮಾರು 1,600 ಮೀಟರ್, ದ್ರಾಸ್ 3,200ಕ್ಕೂ ಮೇಲೆ. ಶ್ರೀನಗರದಲ್ಲಿ ಎರಡು ರಾತ್ರಿ, ಸೋನಾಮಾರ್ಗದಲ್ಲಿ ಒಂದು ರಾತ್ರಿ ಕಳೆದು ಹೋದರೆ ದೇಹಕ್ಕೆ ಹೊಂದಿಕೊಳ್ಳಲು ಸಮಯ ಸಿಗುತ್ತದೆ. ನೇರ ಲೇಹ್‌ಗೆ ಹಾರಿ ಇಳಿಯುವುದಕ್ಕಿಂತ ಇದು ಎಷ್ಟೋ ವಾಸಿ. ಬಿ.ಪಿ., ಸಕ್ಕರೆ, ಹೃದಯದ ತೊಂದರೆ ಇದ್ದರೆ ನಿಮ್ಮ ವೈದ್ಯರನ್ನು ಕಂಡು, ಎತ್ತರಕ್ಕೆ ಮಾತ್ರೆ ಬೇಕೇ ಬೇಡವೇ ಅವರ ಬಾಯಿಂದಲೇ ಕೇಳಿ. ಪರಿಚಯದವರು ಹೇಳಿದರು ಅಂತ ನುಂಗಬೇಡಿ. ದ್ರಾಸ್‌ನಲ್ಲಿ ಮೊದಲ ದಿನ ತಲೆನೋವು ಬರುವುದು ಸಾಮಾನ್ಯ. ನೀರು ಕುಡಿದು ಮಲಗಲಿ. ತಲೆನೋವು ಏರುತ್ತ ಹೋಗಿ ವಾಂತಿ, ತೂರಾಟ, ಕೂತಲ್ಲೇ ಉಸಿರು ಕಟ್ಟುವುದು ಶುರುವಾದರೆ ಮಾತ್ರ ಬೆಳಗಾಗಲಿ ಅಂತ ಕಾಯದೆ ವೈದ್ಯರ ಬಳಿ ಕರೆದೊಯ್ದು ಕೆಳಗಿಳಿಸಿ. ಕಾರ್ಗಿಲ್ ಪಟ್ಟಣ 2,700 ಮೀಟರಿನ ಆಸುಪಾಸಿನಲ್ಲಿದೆ, ದ್ರಾಸ್‌ನಿಂದ 60 ಕಿ.ಮೀ.

ಇನ್ನೊಂದು ಮಾತು ವೈದ್ಯಕೀಯದ್ದಲ್ಲ. ಅಲ್ಲಿ ನಿಂತು ನನ್ನ ಮಾವ ಅತ್ತರು. ನಮ್ಮ ಮನೆಯವರು ಯಾರೂ ಆ ಯುದ್ಧದಲ್ಲಿರಲಿಲ್ಲ, ಆದರೂ ಅತ್ತರು. ನಿಮ್ಮ ತಂದೆ ಇಪ್ಪತ್ತಾರು ವರ್ಷಕ್ಕೂ ಹೆಚ್ಚು ಕಾಲ ಕಾದಿದ್ದಾರೆ. ಆ ದಿನ ಬೇರೆ ಯಾವ ಕಾರ್ಯಕ್ರಮವನ್ನೂ ಇಟ್ಟುಕೊಳ್ಳಬೇಡಿ.

ಮಡಿಕೇರಿಯಿಂದ

ತಂಗೀ, ನಾನು ಸೇನೆಯಲ್ಲಿ ಇಪ್ಪತ್ತೆರಡು ವರ್ಷ ಇದ್ದವನು. ಕಾರ್ಗಿಲ್ ನಡೆದಾಗ ಬೇರೆ ಗಡಿಯಲ್ಲಿದ್ದೆ, ಆಮೇಲೆ ದ್ರಾಸ್‌ನಲ್ಲಿ ಒಂದು ಚಳಿಗಾಲ ಕಳೆದೆ.

ಎಲ್ಲರೂ ದಾರಿ ಹೇಳಿದರು, ಸರಿಯಾಗಿಯೇ ಹೇಳಿದರು. ನಾನು ಕೇಳುವುದು ಬೇರೆ. ನಿಮ್ಮ ಕಾಕಾ ಎಲ್ಲಿ ತೀರಿಕೊಂಡರು? "ಕಾರ್ಗಿಲ್" ಅಂದರೆ ಒಂದು ಬೆಟ್ಟವಲ್ಲ. ಮುಷ್ಕೋ, ದ್ರಾಸ್, ಕಾಕ್ಸರ್, ಬಟಾಲಿಕ್ ಅಂತ ಗಡಿಯುದ್ದಕ್ಕೂ ಹರಡಿದ್ದ ಯುದ್ಧ ಅದು. ಹೆಸರುಗಳು ಒಂದೇ ಗೋಡೆಯಲ್ಲಿವೆ, ಹೋದವರು 527 ಮಂದಿ. ಮನೆಯಲ್ಲಿ ಪಲ್ಟನ್‌ನಿಂದ ಬಂದ ಪತ್ರ, ಪಿಂಚಣಿ ಕಾಗದ ಇದ್ದೇ ಇರುತ್ತವೆ. ಅದರಿಂದ ಅವರ ಸೇನಾ ಸಂಖ್ಯೆ, ಪದವಿ, ಪಲ್ಟನ್, ತಾರೀಖು, ಜಾಗ, ಐದನ್ನೂ ಬರೆದುಕೊಳ್ಳಿ. ಸಂಖ್ಯೆ ಮುಖ್ಯ. ನಮ್ಮ ಕಡೆಯ ಹೆಸರುಗಳ ಇಂಗ್ಲಿಷ್ ಕಾಗುಣಿತ ಸೇನೆಯ ದಾಖಲೆಯಲ್ಲಿ ಹೇಗೋ ಆಗಿರುತ್ತದೆ. ತಂದೆಯ ಹೆಸರು ಮೊದಲು ಬಂದಿರುತ್ತದೆ, ಇಲ್ಲವೇ ಅಡ್ಡಹೆಸರೇ ಬಿಟ್ಟುಹೋಗಿರುತ್ತದೆ. ಸಂಖ್ಯೆ ಮಾತ್ರ ಬದಲಾಗುವುದಿಲ್ಲ. ಗೇಟಿನಲ್ಲಿರುವ ಸೈನಿಕನಿಗೆ ಚೀಟಿ ಕೊಟ್ಟು, ತಂದೆಯವರನ್ನು ತೋರಿಸಿ, ಇವರು ಅವರ ಅಣ್ಣ ಅಂತ ಹೇಳಿ. ಅವನೇ ಕೈಹಿಡಿದು ಕರೆದುಕೊಂಡು ಹೋಗುತ್ತಾನೆ. ಇದನ್ನು ನಾನು ಬಲ್ಲೆ. ಹೊರಡುವ ಮೊದಲು ನಿಮ್ಮ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೂ ಒಮ್ಮೆ ಹೋಗಿ ಬನ್ನಿ.

ಗೋಡೆಯ ಹಿಂದೆ ಎದ್ದು ನಿಂತಿರುವುದೇ ತೋಲೋಲಿಂಗ್. ಅಲ್ಲಿನ ಸೈನಿಕರು ಹಿಂದಿಯಲ್ಲಿ ವಿವರ ಹೇಳಿ ಟೈಗರ್ ಹಿಲ್ ಯಾವುದು, 4875 ಅನ್ನುವ ಶಿಖರ ಯಾವ ಕಡೆ ಅಂತ ಬೆರಳಿಟ್ಟು ತೋರಿಸುತ್ತಾರೆ. ಅದನ್ನು ಪೂರ್ತಿ ಕೇಳಿ. ಕೇಳಿ ಆದ ಮೇಲೆ ಹೆದ್ದಾರಿಗೆ ಬೆನ್ನು ಮಾಡಿ ಆ ಬೆಟ್ಟವನ್ನು ಸುಮ್ಮನೆ ಐದು ನಿಮಿಷ ನೋಡಿ. ಮರವಿಲ್ಲ, ಪೊದೆಯಿಲ್ಲ. ಮೇಲೆ ಕೂತವನಿಗೆ ಕೆಳಗಿನ ರಸ್ತೆಯ ಒಂದೊಂದು ಲಾರಿಯೂ ಕಾಣುತ್ತದೆ. ಹತ್ತುವವನಿಗೆ ಮರೆಯಾಗಲು ಕತ್ತಲೆ ಬಿಟ್ಟರೆ ಬೇರೆ ಏನೂ ಇಲ್ಲ. ಮೇ ತಿಂಗಳಲ್ಲಿ ಗ್ರೆನೇಡಿಯರ್ಸ್‌ನ 18ನೇ ಬೆಟಾಲಿಯನ್ ಹತ್ತಲು ಶುರುಮಾಡಿತು. ಅವರಲ್ಲಿ ಎಷ್ಟೋ ಮಂದಿ ಆ ಇಳಿಜಾರಿನಲ್ಲೇ ಉಳಿದರು. ಜೂನ್ 13ಕ್ಕೆ ತುದಿ ಕೈಗೆ ಬಂತು. ಅದನ್ನು ಗೆದ್ದ ರಜಪುತಾನಾ ರೈಫಲ್ಸ್‌ನ 2ನೇ ಬೆಟಾಲಿಯನ್ನಿನ ಕಮಾಂಡಿಂಗ್ ಆಫೀಸರ್ ನಮ್ಮ ಕರ್ನಾಟಕದವರು, ಎಂ.ಬಿ. ರವೀಂದ್ರನಾಥ್. ಅವರಿಗೆ ವೀರ ಚಕ್ರ ಬಂತು, 2018ರಲ್ಲಿ ತೀರಿಕೊಂಡರು. ಅವರ ಹೆಸರು ನಮ್ಮ ಮಕ್ಕಳಿಗೆ ಗೊತ್ತಿಲ್ಲ ಅನ್ನುವುದು ನನಗೆ ನಿಜವಾಗಿ ನೋವಿನ ಸಂಗತಿ.

ಜೋಜಿ ಲಾ ದಾಟುವಾಗ ಗಾಡಿಯಲ್ಲಿ ನಿದ್ದೆ ಮಾಡಬೇಡಿ. 1948ರ ನವೆಂಬರ್ 1ರಂದು, ಹಿಮದ ನಡುವೆ, ಅಷ್ಟು ಎತ್ತರಕ್ಕೆ ಟ್ಯಾಂಕುಗಳನ್ನು ಹತ್ತಿಸಿ ಆ ಕಣಿವೆಯನ್ನು ಬಿಡಿಸಿಕೊಂಡವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು. ಅದಾಗಿ ತಿಂಗಳೊಳಗೆ ದ್ರಾಸ್, ಕಾರ್ಗಿಲ್ ಎರಡೂ ನಮ್ಮ ಸೇನೆಯ ಕೈಗೆ ಬಂದವು. ಅವತ್ತು ಆ ಕಣಿವೆ ಸಿಗದಿದ್ದರೆ ಲೇಹ್ ಉಳಿಯುವುದು ಕಷ್ಟವಿತ್ತು. ಮಡಿಕೇರಿಯಲ್ಲಿ ಅವರ ಮನೆ ಸನ್ನಿ ಸೈಡ್ ಈಗ ವಸ್ತುಸಂಗ್ರಹಾಲಯ. ಈ ಕಡೆ ಬಂದಾಗ ನೋಡಿ.

ಹುಬ್ಬಳ್ಳಿಯಿಂದ

ಎಲ್ಲರಿಗೂ ಕೈ ಮುಗೀತೇನ್ರಿ. ನಿಮ್ಮ ಮಾತು ಓದಿ ಹೇಳಿದ ಮ್ಯಾಲೆ ಅಪ್ಪಾಜಿ ನಿನ್ನೆ ರಾತ್ರಿ ಅಟ್ಟದ ಮ್ಯಾಲಿನ ಟ್ರಂಕ್ ಇಳಿಸಿದ್ರು. ಪಲ್ಟನ್ನಿನ ಪತ್ರ ಸಿಕ್ಕಿತು, ಮಡಿಕಿ ಹರದೈತಿ, ಅಕ್ಷರ ಚಲೋ ಅದಾವು. ದ್ರಾಸ್ ಅಲ್ಲ ರೀ. ಬಟಾಲಿಕ್ ಅಂತ ಐತಿ. ಇಷ್ಟು ವರ್ಷ ನಾವು ದ್ರಾಸ್ ಅಂತನ ತಿಳಕೊಂಡಿದ್ದಿವಿ. ಅಪ್ಪಾಜಿ ಆ ಕಾಗದ ಹಿಡಕೊಂಡು ಬಾಳ ಹೊತ್ತು ಮಾತಾಡಲಿಲ್ಲ. ಆಮ್ಯಾಲೆ ಕೇಳಿದ್ರು, "ಅಲ್ಲಿಗೂ ಹೋಗಾಕ ಬರತೈತೇನು?" ಅಂತ. ಇನ್ನೊಂದು ಕೇಳ್ಯಾರ: ಅಲ್ಲಿ ಕಾಯಿ ಒಡೀಬಹುದೇನು, ಹೂವು ಏರಿಸಬಹುದೇನು?

ಬೆಳಗಾವಿಯಿಂದ

ಹೂವಿನ ಮಾತಿಗೆ ನಾ ಹೇಳ್ತೀನಿ ಅಕ್ಕಾ. ನಮ್ಮ ಅಣ್ಣಂದೂ ಹೆಸರು ಅಲ್ಲೈತಿ, ನಾವು ಹೋಗಿ ಬಂದು ಐದು ವರ್ಷ ಆತು. ಕಾಯಿ ಒಡಿಯೂದು ಬ್ಯಾಡ. ಅಲ್ಲಿ ಹಂಗ ಮಾಡೂದಿಲ್ಲ, ಎಲ್ಲಾ ಜಾತಿ ಧರ್ಮದವರ ಹೆಸರು ಒಂದ ಕಡೆ ಅದಾವ. ಕಾಯಿ ನಿಮ್ಮ ಊರ ಗುಡಿಯೊಳಗ ಒಡದು ಹೊರಡ್ರಿ. ಕೊಬ್ಬರಿ ವಿಮಾನದಾಗ ಬಿಡೂದಿಲ್ಲ, ಚೀಲದಾಗ ಹಾಕಬ್ಯಾಡ್ರಿ. ಹೂವಿಗೆ ಸೈನಿಕರನ್ನ ಕೇಳ್ರಿ, ನಮಗಂತೂ ಅವರ ಕಲ್ಲಿನ ಬುಡಕ್ಕ ಇಡಾಕ ಬಿಟ್ರು. ಆದ್ರ ದ್ರಾಸ್‌ನಾಗ ಹೂವಿನ ಅಂಗಡಿ ನಮಗ ಸಿಗಲಿಲ್ಲ. ಶ್ರೀನಗರದಾಗ ತಗೊಂಡು ಒದ್ದಿ ಬಟ್ಟಿಯೊಳಗ ಸುತ್ತಿಕೊಂಡು ಹೋಗ್ರಿ. ನಮ್ಮವ್ವ ಕಲ್ಲಿನ ಮ್ಯಾಲೆ ಕೈ ಇಟ್ಟು ಅಣ್ಣನ್ನ ಮನ್ಯಾಗ ಕರೀತಿದ್ದ ಹೆಸರಿಲೆ ಕರದ್ಲು. ಅಲ್ಲಿದ್ದ ಸೈನಿಕ ಟೊಪಗಿ ಸರಿ ಮಾಡಿಕೊಂಡು ಸೆಟೆದು ನಿಂತ. ಅವಗ ಕನ್ನಡ ಬರತಿರಲಿಲ್ಲ.

ಜುಲೈ 26ರ ಕಾರ್ಗಿಲ್ ವಿಜಯ ದಿವಸದ ಹೊತ್ತಿಗೆ ಹೋಗ್ತೀನಿ ಅಂದ್ರ ಮಾತ್ರ ವಿಚಾರ ಮಾಡ್ರಿ. ಆವಾಗ ದೊಡ್ಡವರು ಬರ್ತಾರ, ಬಂದೋಬಸ್ತ್ ಬಾಳ. ಸೇನೆಯವರ ಕರಿಯೋಲೆ ಇದ್ರ ಬ್ಯಾರೆ ಮಾತು. ಅಪ್ಪಾಜಿಗೆ ಶಾಂತ ಹೊತ್ತು ಬೇಕಂದ್ರ ನಿಮ್ಮ ಜೂನ್ ಚಲೋ ಐತಿ.

ಮಡಿಕೇರಿಯಿಂದ

ತಂಗೀ, ಹಾಗಿದ್ದರೆ ಯೋಜನೆಯನ್ನು ಹೀಗೆ ಬದಲಾಯಿಸಿ. ದ್ರಾಸ್‌ನಲ್ಲಿ ಎರಡು ರಾತ್ರಿ, ಕಾರ್ಗಿಲ್‌ನಲ್ಲಿ ಎರಡು ರಾತ್ರಿ. ಗೋಡೆಯ ಮೇಲಿನ ಹೆಸರು ದ್ರಾಸ್‌ನಲ್ಲಿ ನೋಡುತ್ತೀರಿ. ಬಟಾಲಿಕ್‌ಗೆ ಕಾರ್ಗಿಲ್‌ನಿಂದ ಬೇರೆ ರಸ್ತೆ, ಬೆಟ್ಟ ಹತ್ತಿ ಇಳಿದು ಸಿಂಧೂ ನದಿಯ ದಡಕ್ಕೆ ಹೋಗುತ್ತದೆ. ಬೆಳಿಗ್ಗೆ ಹೊರಟರೆ ಸಂಜೆಗೆ ಹಿಂತಿರುಗಬಹುದು. ಅದು ಗಡಿಗೆ ಹತ್ತಿರದ ಜಾಗ. ಎಲ್ಲಿಯವರೆಗೆ ಬಿಡುತ್ತಾರೆ ಅನ್ನುವುದನ್ನು ಕಾರ್ಗಿಲ್‌ನ ಜಿಲ್ಲಾಧಿಕಾರಿ ಕಚೇರಿಯಲ್ಲಿ ಹಿಂದಿನ ದಿನವೇ ಕೇಳಿ, ಎಲ್ಲರ ಗುರುತಿನ ಚೀಟಿಯ ನಕಲು ಕೈಯಲ್ಲಿರಲಿ. ಗಾಡಿಯನ್ನು ಕಾರ್ಗಿಲ್‌ನಲ್ಲೇ ಮಾಡಿಕೊಳ್ಳಿ. ಅಲ್ಲಿನ ಡ್ರೈವರಿಗೆ ಚೆಕ್‌ಪೋಸ್ಟಿನವರ ಪರಿಚಯವಿರುತ್ತದೆ, ಊರಿನ ಹಿರಿಯರ ಪರಿಚಯವೂ ಇರುತ್ತದೆ. ಯುದ್ಧದ ದಿನಗಳಲ್ಲಿ ಆ ಸೀಮೆಯ ಜನ ಸೇನೆಗೆ ಸಾಮಾನು ಹೊತ್ತುಕೊಟ್ಟಿದ್ದಾರೆ. ವಯಸ್ಸಾದವರು ಯಾರಾದರೂ ಸಿಕ್ಕರೆ ಪಲ್ಟನ್ನಿನ ಹೆಸರು ಹೇಳಿ ನೋಡಿ.

ಆ ಪತ್ರವನ್ನು ಒಯ್ಯಬೇಡಿ. ಎರಡು ನಕಲು ಮಾಡಿಸಿ, ಒಂದು ನಿಮ್ಮ ಬಳಿ, ಒಂದು ತಂದೆಯವರ ಜೇಬಿನಲ್ಲಿ. ಮೂಲ ಮನೆಯಲ್ಲೇ ಇರಲಿ, ಟ್ರಂಕಿನಲ್ಲಿ ಬೇಡ, ಪ್ಲಾಸ್ಟಿಕ್ ಹಾಳೆಯೊಳಗೆ ಹಾಕಿ ಚಪ್ಪಟೆಯಾಗಿ ಇಡಿ. ಮಡಿಕೆಯಲ್ಲಿ ಇನ್ನಷ್ಟು ಹರಿಯುವುದು ಬೇಡ.