ಎಫ್‌ಪಿ-ಟಿಎಸ್ ಲೈಬ್ರರಿ ಹಾಕೋಣವಾ ಬೇಡವಾ? ಬಳಸಿದವರು ಅನುಭವ ಹೇಳಿ

ತುಂಗಾತೀರ (ಕೇಳಿದವರು):
ನಮ್ಮದು 6 ಜನರ ತಂಡ. ಆರ್ಡರ್, ಪೇಮೆಂಟ್, ರೀಫಂಡ್ ನೋಡುವ ನೋಡ್.ಜೆಎಸ್ ಸರ್ವಿಸ್, ಟೈಪ್‌ಸ್ಕ್ರಿಪ್ಟ್‌ನಲ್ಲಿ (ಟೈಪ್ ಸೇರಿಸಿದ ಜಾವಾಸ್ಕ್ರಿಪ್ಟ್) ಸುಮಾರು 40 ಸಾವಿರ ಸಾಲು. ಎಲ್ಲಿ ನೋಡಿದರೂ ಟ್ರೈ-ಕ್ಯಾಚ್ (ಎಸೆದ ಎರರ್ ಹಿಡಿಯುವ ಬ್ಲಾಕ್). ಯಾವ ಫಂಕ್ಷನ್ ಯಾವ ಎರರ್ ಎಸೆಯುತ್ತದೆ ಅಂತ ಒಳಗೆ ಹೋಗಿ ಓದದೆ ಗೊತ್ತಾಗಲ್ಲ. ಲೀಡ್ ಎಫ್‌ಪಿ-ಟಿಎಸ್ (ಎರರನ್ನು ಎಸೆಯದೆ ಬೆಲೆಯಾಗಿ ಹಿಂದಿರುಗಿಸುವ ಫಂಕ್ಷನಲ್ ಶೈಲಿಯ ಲೈಬ್ರರಿ) ತರೋಣ ಅಂತಿದ್ದಾರೆ, ಪ್ರಯೋಗಕ್ಕೆ ಒಂದು ಪಿಆರ್ (ಕೋಡ್ ಬದಲಾವಣೆ ಸೇರಿಸಲು ಕೋರಿಕೆ) ಕೂಡ ಹಾಕಿದ್ದಾರೆ. ತಂಡದಲ್ಲಿ ಇಬ್ಬರು ಫ್ರೆಶರ್‌ಗಳು, ರಿಲೀಸ್‌ಗೆ 4 ತಿಂಗಳಿದೆ. ಎಫ್‌ಪಿ-ಟಿಎಸ್, ಎಫೆಕ್ಟ್, ರಾಮ್ಡಾ, ಇಂಥ ಯಾವುದಾದರೂ ಲೈಬ್ರರಿ ಬಳಸಿದವರು ಹೇಳಿ.

ಕರಿಮೆಣಸು:
ಬೇಡ. ಕೈ ಸುಟ್ಟುಕೊಂಡವಳು ಹೇಳ್ತಿದ್ದೇನೆ.

ಹಿಂದಿನ ಕಂಪನಿಯಲ್ಲಿ ಒಬ್ಬರು ತುಂಬ ಬುದ್ಧಿವಂತರು ಎಫ್‌ಪಿ-ಟಿಎಸ್ ತಂದರು. ಎರಡು ತಿಂಗಳು ಎಲ್ಲ ಚೆನ್ನಾಗಿತ್ತು. ಆಮೇಲೆ ಆಡಿಟ್ ಲಾಗ್ ಖಾಲಿ ಇರೋದು ಗೊತ್ತಾಯಿತು. 19 ದಿನ ಒಂದು ಸಾಲೂ ಬಿದ್ದಿರಲಿಲ್ಲ. ಕಾರಣ ಏನು ಗೊತ್ತಾ? ಎಫ್‌ಪಿ-ಟಿಎಸ್‌ನ ಟಾಸ್ಕ್‌ಈದರ್ ಟೈಪ್ ಅನ್ನೋದು ಪ್ರಾಮಿಸ್ (ಆಗಲೇ ಶುರುವಾಗಿ, ಆಮೇಲೆ ಉತ್ತರ ಕೊಡುವ ಕೆಲಸ) ಅಲ್ಲ, ಕರೆದಾಗ ಪ್ರಾಮಿಸ್ ಕೊಡುವ ಫಂಕ್ಷನ್. ‘ಸೇವ್‌ಆಡಿಟ್(ಆರ್ಡರ್)()’ ಅಂತ ಇರಬೇಕಿತ್ತು. ‘ಸೇವ್‌ಆಡಿಟ್(ಆರ್ಡರ್)’ ಅಂತ ಇತ್ತು. ಕೊನೆಯ ಒಂದು ಜೋಡಿ ಬ್ರಾಕೆಟ್ ಇಲ್ಲ, ಅಷ್ಟೇ. ಕಂಪೈಲರ್ ತುಟಿ ಬಿಚ್ಚಲಿಲ್ಲ. ಪ್ರಾಮಿಸ್‌ಗೆ ಅವೇಟ್ (ಮುಗಿಯುವವರೆಗೆ ಕಾಯು ಅನ್ನೋದು) ಮರೆತರೆ ಹಿಡಿಯುವ ಲಿಂಟ್ (ಕೋಡ್‌ನಲ್ಲಿ ತಪ್ಪು ಹುಡುಕುವ ಟೂಲ್) ನಿಯಮ ನಮ್ಮಲ್ಲಿತ್ತು, ಆದರೆ ಇದು ಪ್ರಾಮಿಸೇ ಅಲ್ಲವಲ್ಲ! ಆ 19 ದಿನದ ಲೆಕ್ಕವನ್ನು ಪೇಮೆಂಟ್ ಗೇಟ್‌ವೇ ಕಳಿಸಿದ ಫೈಲ್‌ಗಳಿಂದ ಮತ್ತೆ ಕಟ್ಟಿದೆವು. 3 ಜನ, 11 ದಿನ, ಅದರಲ್ಲಿ ಎರಡು ಭಾನುವಾರ. ಒಂದು ಭಾನುವಾರ ನನ್ನ ತಂಗಿಯ ನಿಶ್ಚಿತಾರ್ಥ. ಲ್ಯಾಪ್‌ಟಾಪ್ ಹಿಡಿದು ಛತ್ರದ ಸ್ಟೋರ್ ರೂಮಿನಲ್ಲಿ ಕೂತಿದ್ದೆ.

ಅಷ್ಟಕ್ಕೇ ಮುಗಿಯಲಿಲ್ಲ. ಗ್ರಾಹಕರ ಹೆಸರು ಆಪ್ಷನ್ (ಬೆಲೆ ಇರಬಹುದು, ಇಲ್ಲದಿರಬಹುದು) ಟೈಪ್ ಆಗಿತ್ತು. ಅದನ್ನು ಬಿಚ್ಚದೆ ಯಾರೋ ಟೆಂಪ್ಲೇಟ್ ಸ್ಟ್ರಿಂಗ್‌ಗೆ ಹಾಕಿದ್ದರು. ಟೈಪ್‌ಸ್ಕ್ರಿಪ್ಟ್ ಅದನ್ನು ತಡೆಯಲ್ಲ. 2,300 ಜನರಿಗೆ ‘ನಮಸ್ಕಾರ [ಆಬ್ಜೆಕ್ಟ್ ಆಬ್ಜೆಕ್ಟ್]’ ಅಂತ ಮೇಲ್ ಹೋಯಿತು.

ತಂದವರು ಮುಂದಿನ ವರ್ಷ ಬೇರೆ ಕೆಲಸಕ್ಕೆ ಹೋದರು. ಅವರು ಬಿಟ್ಟುಹೋದ 212 ಫೈಲ್‌ಗಳಿಂದ ಅದನ್ನು ಕಿತ್ತು ತೆಗೆಯಲು ನಮಗೆ 5 ತಿಂಗಳು ಹಿಡಿಯಿತು.

ಈದರ್‌ಪ್ರಿಯ:
ಬ್ರಾಕೆಟ್ ಮರೆತದ್ದಕ್ಕೆ ಲೈಬ್ರರಿ ಏನು ಮಾಡಬೇಕು ಮೇಡಂ? ಆಡಿಟ್ ಬರೆಯುವ ಫಂಕ್ಷನ್‌ಗೆ ‘ಡಿಬಿಯಲ್ಲಿ ಸಾಲು ಬಿತ್ತಾ’ ಅಂತ ನೋಡುವ ಒಂದು ಟೆಸ್ಟ್ ಇರಲಿಲ್ಲ ಅಲ್ವಾ?

ನನ್ನದು ಪೂರ್ತಿ ಉಲ್ಟಾ ಅನುಭವ. ನಾವು ದಿನಾ ರಾತ್ರಿ ಬ್ಯಾಂಕ್ ಸ್ಟೇಟ್‌ಮೆಂಟ್ ತಂದು ತಾಳೆ ನೋಡುತ್ತೇವೆ. ಮೊದಲು ವಾರಕ್ಕೆ ಮೂರು ರಾತ್ರಿಯಾದರೂ ಫೋನ್ ಬರುತ್ತಿತ್ತು. ಕ್ಯಾಚ್ ಬ್ಲಾಕ್‌ಗೆ ಬರುವ ಎರರ್ ಯಾವ ಟೈಪ್ ಅಂತ ಯಾರಿಗೂ ಗೊತ್ತಿಲ್ಲ, ಎಲ್ಲ ಅನ್‌ನೋನ್. ಎಫ್‌ಪಿ-ಟಿಎಸ್ ಹಾಕಿದ ಮೇಲೆ ಫಂಕ್ಷನ್‌ನ ಸಹಿಯಲ್ಲೇ ಬರೆದಿರುತ್ತದೆ: ಫೈಲ್ ಸಿಗದಿರಬಹುದು, ಸಾಲು ಕೆಟ್ಟಿರಬಹುದು, ಮೊತ್ತ ಹೊಂದದಿರಬಹುದು. ಮೂರನ್ನೂ ನೋಡಿಕೊಳ್ಳದೆ ಕೋಡ್ ಕಂಪೈಲ್ ಆಗಲ್ಲ. ಈಗ ನಾನು ರಾತ್ರಿ ನಿದ್ದೆ ಮಾಡುತ್ತೇನೆ.

ಕಷ್ಟ ಇರಲಿಲ್ಲ ಅಂತಲ್ಲ. ಎರಡು ಬೇರೆ ಬೇರೆ ಎರರ್ ಟೈಪ್ ಒಂದೇ ಪೈಪ್‌ನಲ್ಲಿ (ಒಂದರ ಉತ್ತರ ಮುಂದಿನದಕ್ಕೆ ಹೋಗುವ ಫಂಕ್ಷನ್‌ಗಳ ಸಾಲು) ಬಂದರೆ, ಅವನ್ನು ಜೋಡಿಸುವ ‘ಚೈನ್’ ಒಪ್ಪಲ್ಲ, ‘ಚೈನ್‌ಡಬ್ಲ್ಯೂ’ ಬೇಕು. ಇದು ತಿಳಿಯಲು ನನಗೆ ಒಂದು ವಾರ ಬೇಕಾಯಿತು. ಪೈಪ್ ಉದ್ದವಾದರೆ ಎರರ್ ಮೆಸೇಜ್ ಒಂದು ಪರದೆಯಲ್ಲಿ ಹಿಡಿಯಲ್ಲ. ಎಫ್‌ಪಿ-ಟಿಎಸ್ ಬರೆದ ಜೂಲಿಯೋ ಕಾಂಟಿ 2023ರಲ್ಲಿ ಎಫೆಕ್ಟ್ ಲೈಬ್ರರಿಯ ಬಳಗ ಸೇರಿದರು. ಹೊಸ ಕೆಲಸ ಅಲ್ಲೇ ನಡೆಯುವುದು ಖಾತ್ರಿ ಆದಮೇಲೆ ನಾವೂ ಹೊರಟೆವು. 2024ರ ಏಪ್ರಿಲ್‌ನಲ್ಲಿ ಎಫೆಕ್ಟ್ 3.0 ಬಂತು. ಬದಲಾಯಿಸಲು ನನಗೆ 7 ತಿಂಗಳು, ಹೆಚ್ಚೂಕಡಿಮೆ ಒಬ್ಬನೇ. ಒಂದು ದಿನವೂ ಬೇಸರ ಆಗಲಿಲ್ಲ.

ಕರಿಮೆಣಸು:
ಒಬ್ಬನೇ ಅಂದಿರಿ ನೋಡಿ, ನನ್ನ ಭಯ ಇರುವುದೇ ಅಲ್ಲಿ. ನೀವು ನಾಳೆ ಬಿಟ್ಟರೆ? ಎಫೆಕ್ಟ್‌ನಲ್ಲೂ ಜನರೇಟರ್ ಫಂಕ್ಷನ್ ಒಳಗೆ, ಕೆಲಸ ನಡೆಸು ಅನ್ನುವ ‘ಯೀಲ್ಡ್ ಸ್ಟಾರ್’ ಮರೆತರೆ ಏನೂ ನಡೆಯಲ್ಲ, ಅದೇ ಗುಂಡಿ.

ಈದರ್‌ಪ್ರಿಯ:
ಎಫೆಕ್ಟ್‌ನವರ ಲ್ಯಾಂಗ್ವೇಜ್ ಸರ್ವಿಸ್ ಪ್ಲಗಿನ್ ಹಾಕಿದರೆ ಹಾಗೆ ನಡೆಯದೆ ತೇಲುವ ಎಫೆಕ್ಟ್‌ಗಳನ್ನು ಎಡಿಟರ್‌ನಲ್ಲೇ ತೋರಿಸುತ್ತದೆ. ಬಳಸಿ ನೋಡಿ ಮಾತಾಡಿ.

ಅಡಿಕೆತೋಟ:
ಇಬ್ಬರೂ ಟೈಪ್ ಟೈಪ್ ಅಂತ ಜಗಳ ಆಡ್ತಿದ್ದೀರಿ. ನಾವು ಸಾದಾ ಜಾವಾಸ್ಕ್ರಿಪ್ಟ್‌ನಲ್ಲಿ 6 ವರ್ಷ ರಾಮ್ಡಾ ಬಳಸಿದ್ದೇವೆ. ನಾನು ಮನಸೋತದ್ದು ಒಂದೇ ಸಾಲಿಗೆ. ‘10’ ಅನ್ನುವ ಮೂರು ಸ್ಟ್ರಿಂಗ್ ಇರುವ ಅರೇ ಮೇಲೆ ಮ್ಯಾಪ್ (ಪ್ರತಿಯೊಂದಕ್ಕೂ ಫಂಕ್ಷನ್ ಹಾಕುವುದು) ಮಾಡಿ ಪಾರ್ಸ್‌ಇಂಟ್ (ಸ್ಟ್ರಿಂಗನ್ನು ಸಂಖ್ಯೆ ಮಾಡುವ ಫಂಕ್ಷನ್) ಕೊಡಿ. 10, ನ್ಯಾನ್ (ಸಂಖ್ಯೆಯಲ್ಲ ಅಂತ), 2 ಬರುತ್ತದೆ. ಯಾಕಂದರೆ ಮ್ಯಾಪ್ ಇಂಡೆಕ್ಸನ್ನೂ ಕಳಿಸುತ್ತದೆ, ಪಾರ್ಸ್‌ಇಂಟ್ ಅದನ್ನು ಸಂಖ್ಯಾ ಪದ್ಧತಿಯ ಆಧಾರ (2 ಅಂದರೆ ಬೈನರಿ) ಅಂದುಕೊಳ್ಳುತ್ತದೆ. ರಾಮ್ಡಾದ ಮ್ಯಾಪ್ ಬೆಲೆ ಒಂದನ್ನೇ ಕಳಿಸುತ್ತದೆ, ಅದಕ್ಕೆ 10, 10, 10. ಲೋಡ್ಯಾಶ್ ಅನ್ನುವ ಇನ್ನೊಂದು ಲೈಬ್ರರಿಯ ಎಫ್‌ಪಿ (ಫಂಕ್ಷನಲ್) ರೂಪದಲ್ಲೂ ಹಾಗೇ. ಈ ಬಗ್ ನಮ್ಮ ಕೂಲಿ ಲೆಕ್ಕದ ಪರದೆಯಲ್ಲಿ ಇತ್ತು. ಒಬ್ಬ ಕೆಲಸಗಾರನ 10 ದಿನದ ಹಾಜರಿ 2 ಅಂತ ಕಾಣುತ್ತಿತ್ತು. ಅವನು ಬಂದು ಬಾಗಿಲಲ್ಲಿ ನಿಂತಿದ್ದು ಇನ್ನೂ ಕಣ್ಣಲ್ಲಿದೆ.

ಆದರೆ ಟೈಪ್‌ಸ್ಕ್ರಿಪ್ಟ್‌ಗೆ ಬಂದಾಗ ರಾಮ್ಡಾ ಕೈ ಕೊಟ್ಟಿತು. ‘ಕರಿ’ ಮಾಡಿದ (ಒಂದೊಂದೇ ಆರ್ಗ್ಯುಮೆಂಟ್ ತೆಗೆದುಕೊಳ್ಳುವ) ಫಂಕ್ಷನ್‌ಗಳನ್ನು ಪೈಪ್‌ನಲ್ಲಿ ಜೋಡಿಸಿದರೆ ಟೈಪ್ ಅರ್ಧ ದಾರಿಯಲ್ಲಿ ಕಳೆದುಹೋಗುತ್ತದೆ. ಎರರ್ ಬಂದರೆ ಸ್ಟ್ಯಾಕ್ ಟ್ರೇಸ್ (ಎರರ್ ಬಂದ ದಾರಿಯ ಪಟ್ಟಿ) ತುಂಬ ರಾಮ್ಡಾದ ಒಳಗಿನ ಎಫ್1, ಎಫ್2. ನಮ್ಮ ಫಂಕ್ಷನ್‌ನ ಹೆಸರೇ ಇಲ್ಲ. ಒಂದೊಂದು ಪೈಪ್ ನಡುವೆ ಕನ್ಸೋಲ್ ಲಾಗ್ ತುರುಕಿ ಹುಡುಕಬೇಕು. ಈಗ ಟೈಪ್‌ಸ್ಕ್ರಿಪ್ಟ್‌ಗೆ ಅಂತಲೇ ಬರೆದ ರೆಮೆಡಾ ಲೈಬ್ರರಿಗೆ ಬಂದಿದ್ದೇವೆ, 9 ವಾರ ಹಿಡಿಯಿತು.

ಹಳೇಜಾವಾ:
ಜಾವಾದವನು ನಾನು. 2016ರಲ್ಲಿ ಜಾವಾಸ್ಲಾಂಗ್ ಅನ್ನುವ ಫಂಕ್ಷನಲ್ ಲೈಬ್ರರಿ ಹಾಕಿದೆವು. ಜಾವಾ 8ರ ಲ್ಯಾಂಬ್ಡಾ (ಹೆಸರಿಲ್ಲದ ಫಂಕ್ಷನ್) ಒಳಗೆ ಚೆಕ್ಡ್ ಎಕ್ಸೆಪ್ಷನ್ (ಹಿಡಿಯಲೇಬೇಕಾದ ಅಥವಾ ಘೋಷಿಸಲೇಬೇಕಾದ ಎರರ್) ಬಂದರೆ ಕೋಡ್ ಎಷ್ಟು ಗಲೀಜಾಗುತ್ತದೆ ಅಂತ ನಿಮಗೆಲ್ಲ ಗೊತ್ತಿದೆ. ಎರರನ್ನು ಬೆಲೆಯಾಗಿ ಹಿಡಿದಿಡುವ ಜಾವಾಸ್ಲಾಂಗ್‌ನ ‘ಟ್ರೈ’ ಟೈಪ್ ನಮಗೆ ದೇವರು ಕೊಟ್ಟ ಹಾಗಾಯಿತು. 2017ರಲ್ಲಿ ಹೆಸರು ವಾವರ್ ಅಂತ ಬದಲಾಯಿತು, ಪ್ಯಾಕೇಜ್ ಹೆಸರೂ ಬದಲಾಯಿತು. 1,400 ಫೈಲ್‌ಗಳ ಇಂಪೋರ್ಟ್ ತಿದ್ದಿದೆ. ಹುಡುಕಿ-ಬದಲಿಸಿ ಅಂತ ಸುಲಭವಾಗಿ ಹೇಳಬೇಡಿ, ಆಗ ನಡೆಯುತ್ತಿದ್ದ 31 ಬ್ರಾಂಚ್‌ಗಳಲ್ಲೂ ಕಾನ್‌ಫ್ಲಿಕ್ಟ್. ಜೊತೆಗೆ ವಾವರ್‌ನ ಲಿಸ್ಟ್ ಜಾವಾದ ಲಿಸ್ಟ್ ಅಲ್ಲ. ಹೊರಗಿನ ಪ್ರತಿಯೊಂದು ಲೈಬ್ರರಿಯ ಬಾಗಿಲಲ್ಲಿ ಬದಲಾಯಿಸಿ ಕೊಡಬೇಕು.

ಇಷ್ಟಾದರೂ ನನಗೆ ಪಶ್ಚಾತ್ತಾಪ ಇಲ್ಲ. 2023ರಲ್ಲಿ ಜಾವಾ 21 ಬಂದು, ಸೀಲ್ಡ್ ಟೈಪ್ (ರೂಪಗಳು ಮೊದಲೇ ನಿಗದಿಯಾದ ಟೈಪ್) ಜೊತೆ ಸ್ವಿಚ್‌ನಲ್ಲೇ ಪ್ಯಾಟರ್ನ್ ಮ್ಯಾಚಿಂಗ್ (ರೂಪ ನೋಡಿ ದಾರಿ ಆರಿಸುವುದು) ಸಿಕ್ಕಿದಾಗ ನಮ್ಮ ತಂಡದವರು ಒಂದೇ ದಿನದಲ್ಲಿ ಬರೆಯಲು ಶುರು ಮಾಡಿದರು. ಆ ರೀತಿ ಯೋಚಿಸುವುದು ವಾವರ್‌ನಿಂದ ಬಂದಿತ್ತು.

ರಾತ್ರಿಪಾಳಿ:
ಹೆಸರು ಬದಲಾದದ್ದು ಕಷ್ಟನಾ? ನಮಗೆ ಲೈಸೆನ್ಸೇ ಬದಲಾಯಿತು. 2022ರ ಸೆಪ್ಟೆಂಬರ್‌ನಲ್ಲಿ ಆಕ್ಕಾ (ಸ್ಕಾಲಾ, ಜಾವಾ ಲೈಬ್ರರಿ), ಮುಕ್ತವಾದ ಅಪಾಚೆ ಲೈಸೆನ್ಸ್ ಬಿಟ್ಟು ಬಿಎಸ್‌ಎಲ್‌ಗೆ (ಬಿಸಿನೆಸ್ ಸೋರ್ಸ್ ಲೈಸೆನ್ಸ್) ಹೋಯಿತು. 2.7ರಿಂದ ಮುಂದೆ, ವರ್ಷಕ್ಕೆ 2.5 ಕೋಟಿ ಡಾಲರ್‌ಗಿಂತ ಜಾಸ್ತಿ ಆದಾಯ ಇದ್ದರೆ ದುಡ್ಡು ಕೊಡಬೇಕು ಅಂತಾಯಿತು. ನಾವು ಆ ಗೆರೆ ದಾಟಿದ್ದೆವು. 2.6ರಿಂದ ಕವಲೊಡೆದ ಅಪಾಚೆ ಪೆಕ್ಕೊಗೆ ಹೋದೆವು. ಇಂಪೋರ್ಟ್ ಮಾತ್ರ ಅಲ್ಲ, ಕಾನ್ಫಿಗ್ ಫೈಲ್‌ನ ಕೀಗಳೂ ಬದಲು. ಒಂದು ಕೀ ಹಳೇ ಹೆಸರಿನಲ್ಲೇ ಉಳಿದು, ಟೈಮ್‌ಔಟ್ ಡಿಫಾಲ್ಟ್‌ಗೆ ಬಿದ್ದು, ಹಬ್ಬದ ಸೇಲ್ ದಿನ 40 ನಿಮಿಷ ಸರ್ವಿಸ್ ಇಲ್ಲ.

ಈದರ್‌ಪ್ರಿಯ:
ಆಕ್ಕಾ ಫಂಕ್ಷನಲ್ ಲೈಬ್ರರಿಯೇ ಅಲ್ಲ. ಅದು ಆಕ್ಟರ್ (ಮೆಸೇಜ್ ಕಳಿಸಿ ಮಾತಾಡುವ ಘಟಕಗಳ) ಲೈಬ್ರರಿ. ಸ್ಕಾಲಾ ಭಾಷೆಯಲ್ಲಿ ಫಂಕ್ಷನಲ್ ಲೈಬ್ರರಿ ಕೇಳಿದರೆ ಕ್ಯಾಟ್ಸ್, ಝಿಯೋ ಬಗ್ಗೆ ಹೇಳಬೇಕು.

ರಾತ್ರಿಪಾಳಿ:
ಆಕ್ಕಾ ಸ್ಟ್ರೀಮ್ಸ್ ಬರೆದು ನೋಡಿದ್ದೀರಾ? ಮ್ಯಾಪ್, ಫಿಲ್ಟರ್, ಫೋಲ್ಡ್ ಎಲ್ಲ ಅದೇ. ಹೆಸರಿನ ಜಾತಿ ನೋಡಬೇಡಿ.

ಹಳೇಜಾವಾ:
ಬರೆದವರೂ ಮನೆ ನಡೆಸಬೇಕಲ್ಲ. ವರ್ಷಗಟ್ಟಲೆ ಪುಕ್ಕಟೆ ಬಳಸಿದಿರಿ, ಕೊಡಿ ಅಂದ ತಕ್ಷಣ ಸಿಟ್ಟು. 3 ವರ್ಷದ ನಂತರ ಆ ವರ್ಷನ್ ಮತ್ತೆ ಅಪಾಚೆ ಲೈಸೆನ್ಸ್‌ಗೆ ಬರುತ್ತದೆ ಅನ್ನುವುದನ್ನೂ ಹೇಳಿ.

ರಾತ್ರಿಪಾಳಿ:
3 ವರ್ಷ ಹಳೇ ವರ್ಷನ್‌ನಲ್ಲಿ ಸೆಕ್ಯುರಿಟಿ ಫಿಕ್ಸ್ ಯಾರು ಕೊಡುತ್ತಾರೆ ಸರ್? ದುಡ್ಡು ಕೊಡಲ್ಲ ಅಂತ ನಾನು ಹೇಳಲಿಲ್ಲ. ಆಟದ ಮಧ್ಯೆ ನಿಯಮ ಬದಲಾಯಿಸಿದ್ದು ನೋವು.

ಅಡಿಕೆತೋಟ:
ಕೇಳಿದವರದು ಟೈಪ್‌ಸ್ಕ್ರಿಪ್ಟ್. ನೆವರ್‌ಥ್ರೋ ಲೈಬ್ರರಿ ನೋಡಿ. ಬರೀ ರಿಸಲ್ಟ್ (ಉತ್ತರ ಇಲ್ಲವೇ ಎರರ್) ಟೈಪ್, ಬೇರೆ ಏನೂ ಕಲಿಯಬೇಕಾಗಿಲ್ಲ. ಅದರ ಅಸಿಂಕ್ ರೂಪ ಒಳಗೆ ಪ್ರಾಮಿಸನ್ನೇ ಸುತ್ತಿಕೊಂಡಿರುತ್ತದೆ, ಕರೆದ ತಕ್ಷಣ ಕೆಲಸ ಶುರು. ಕರಿಮೆಣಸು ಮೇಡಂ ಬಿದ್ದ ಗುಂಡಿ ಇಲ್ಲಿಲ್ಲ.

ಈದರ್‌ಪ್ರಿಯ:
ಡಿಪೆಂಡೆನ್ಸಿ ಕೊಡುವುದು, ರೀಟ್ರೈ, ಟೈಮ್‌ಔಟ್ ಎಲ್ಲ ಆಮೇಲೆ ಕೈಯಲ್ಲಿ ಬರೆಯುತ್ತೀರಾ?

ಕರಿಮೆಣಸು:
ಹೌದು, ಬರೆಯುತ್ತೇನೆ. ಫ್ರೆಶರ್ ಓದಿದರೂ ಅರ್ಥ ಆಗುವ ಹಾಗೆ ಬರೆಯುತ್ತೇನೆ.

ತುಂಗಾತೀರ (ಕೇಳಿದವರು):
ಎಲ್ಲರಿಗೂ ಥ್ಯಾಂಕ್ಸ್. ಮಧ್ಯಾಹ್ನ ಊಟ ಬಿಟ್ಟು ಲೀಡ್ ಅವರ ಪಿಆರ್ ಮತ್ತೆ ಓದಿದೆ. 640 ಸಾಲು, ಮೂರು ಜನ ಅಪ್ರೂವ್ ಮಾಡಿದ್ದಾರೆ, ಅದರಲ್ಲಿ ನಾನೂ ಒಬ್ಬ. ರೀಫಂಡ್ ಆದ ಮೇಲೆ ಗ್ರಾಹಕರಿಗೆ ಮೆಸೇಜ್ ಕಳಿಸುವ ಕಡೆ ಕೊನೆಯ ಬ್ರಾಕೆಟ್ ಇಲ್ಲ. ಮರ್ಜ್ ನಾಳೆ.

ಕರಿಮೆಣಸು:
ಈಗಲೇ ಕಾಮೆಂಟ್ ಹಾಕಿ. ಆಮೇಲೆ ‘ರಿಟರ್ನ್ ಬೆಲೆ ಬಳಸದೆ ಬಿಟ್ಟ ಸಾಲು’ ಅಂತ ಬೇರೆ ಕಡೆಯೂ ಹುಡುಕಿ. ನಮ್ಮಲ್ಲಿ ಒಂದು ಸಿಕ್ಕ ಮೇಲೆ ಇನ್ನೂ ನಾಲ್ಕು ಸಿಕ್ಕವು.

ಈದರ್‌ಪ್ರಿಯ:
ಇದಕ್ಕೆ ನಾನೂ ಒಪ್ಪುತ್ತೇನೆ. ಮೆಸೇಜ್ ಹೋಯಿತಾ ಅಂತ ನೋಡುವ ಟೆಸ್ಟ್ ಬರೆಯದೆ ಮರ್ಜ್ ಬಟನ್ ಮುಟ್ಟಬೇಡಿ.