ಜನವರಿಯಲ್ಲಿ ಟೊರಾಂಟೊ ಕಡೆ ಹೋಗುತ್ತಿದ್ದೇವೆ, ಐಸ್ ಹಾಕಿ ನೋಡಲು ಯಾವ ಯಾವ ಅರೀನಾ?

ಕುವೆಂಪುನಗರ_ಕಾಫಿ:

ನಮಸ್ಕಾರ ಎಲ್ಲರಿಗೂ. ಅಕ್ಕ-ಭಾವ ಟೊರಾಂಟೊ ಪಕ್ಕದ ಮಿಸಿಸಾಗಾದಲ್ಲಿದ್ದಾರೆ. ಜನವರಿಯಲ್ಲಿ ಅಪ್ಪನನ್ನು ಕರೆದುಕೊಂಡು ಹೋಗುತ್ತಿದ್ದೇನೆ. "ಆ ಚಳಿಯಲ್ಲಿ ಯಾರಾದರೂ ಹೋಗುತ್ತಾರಾ, ಜೂನ್‌ನಲ್ಲಿ ಹೋಗಬಾರದಾ" ಅಂತ ಮನೆಯಲ್ಲಿ ಎಲ್ಲರದೂ ಒಂದೇ ರಾಗ. ನನಗೆ ಬೇಕಿರುವುದೇ ಚಳಿಗಾಲ. ಲಾಕ್‌ಡೌನ್ ಸಮಯದಲ್ಲಿ ಸುಮ್ನೆ ಯೂಟ್ಯೂಬ್‌ನಲ್ಲಿ ಐಸ್ ಹಾಕಿ ಹೈಲೈಟ್ಸ್ ನೋಡಲು ಶುರು ಮಾಡಿದವನು, ಈಗ ಅಲ್ಲಿನ ಸಂಜೆ ಏಳರ ಮ್ಯಾಚ್‌ಗೆ ಇಲ್ಲಿ ಬೆಳಗ್ಗೆ ಐದೂವರೆಗೆ ಅಲಾರಂ ಇಟ್ಟು ಏಳುತ್ತೇನೆ.

ಒಂದು ಊರಲ್ಲಿ ಒಂದು ಮ್ಯಾಚ್ ನೋಡಿ, ಫೋಟೊ ತೆಗೆದುಕೊಂಡು ವಾಪಸ್ ಬರುವ ಆಸೆಯಿಲ್ಲ. ಬೇರೆ ಬೇರೆ ಅರೀನಾ ನೋಡಬೇಕು, ಬೇರೆ ಬೇರೆ ಜನ ಹೇಗೆ ಕೂಗುತ್ತಾರೆ ಅಂತ ಕೇಳಬೇಕು. ಅಮೆರಿಕದ ವೀಸಾ ಕೂಡ ಇದೆ. ಆದರೆ ಟೊರಾಂಟೊ ಮೇಪಲ್ ಲೀಫ್ಸ್ ತಂಡದ ಮ್ಯಾಚ್ ಟಿಕೆಟ್ ಬೆಲೆ ನೋಡಿ ಲ್ಯಾಪ್‌ಟಾಪ್ ಮುಚ್ಚಿಟ್ಟೆ.

ಅಪ್ಪನ ವಿಷಯ ಬೇರೆ. ಕೊಡವ ಹಾಕಿ ಹಬ್ಬ ಕೊಡಗಿನ ಯಾವ ಊರಲ್ಲಿ ನಡೆದರೂ ಫೈನಲ್‌ಗೆ ಹಾಜರಾಗುವವರು. ಐಸ್ ಹಾಕಿ ಬಗ್ಗೆ ಅವರ ಅಭಿಪ್ರಾಯ ಇಷ್ಟೇ: "ಅದು ಹಾಕಿ ಅಲ್ಲ ಕಣೋ, ಜಾರಿಕೊಂಡು ಜಗಳ ಆಡೋದು." ಅವರಿಗೆ ಮಂಡಿ ನೋವು ಬೇರೆ. ಸೀಟು ಎಲ್ಲಿ ತಗೊಂಡರೆ ಒಳ್ಳೆಯದು? ಇನ್ನೊಂದು, ನನ್ನ ಹತ್ತಿರ ಎದುರಾಳಿ ಮಾಂಟ್ರಿಯಲ್ ತಂಡದ ಜರ್ಸಿ ಇದೆ. ಟೊರಾಂಟೊದಲ್ಲಿ ಹಾಕಿಕೊಂಡು ಹೋದರೆ ಹೊಡೀತಾರಾ?

ವಾಟರ್ಲೂ_ವಾಪಸಿ:

ಗುರು, ದೊಡ್ಡ ಅರೀನಾದಿಂದ ಶುರು ಮಾಡಬೇಡ. ಚಿಕ್ಕದರಿಂದ ಶುರು ಮಾಡು. ನಾನು ಓದಿದ್ದು ವಾಟರ್ಲೂನಲ್ಲಿ, ಈಗ ವಾಪಸ್ ವಿಜಯನಗರ ಸೆಕೆಂಡ್ ಸ್ಟೇಜ್.

ಪಕ್ಕದ ಕಿಚನರ್‌ನಲ್ಲಿ ಮೆಮೋರಿಯಲ್ ಆಡಿಟೋರಿಯಂ ಅಂತ ಇದೆ, ಊರಿನವರು 'ದಿ ಆಡ್' ಅನ್ನುತ್ತಾರೆ. 1951ರ ಕಟ್ಟಡ. ಅಲ್ಲಿ ಕಿಚನರ್ ರೇಂಜರ್ಸ್ ಆಡುತ್ತಾರೆ, ಜೂನಿಯರ್ ಲೀಗ್, 16ರಿಂದ 20 ವಯಸ್ಸಿನ ಹುಡುಗರು. ಇವತ್ತು ನಿನ್ನ ಮುಂದೆ ಆಡಿದವನು ಎರಡು ವರ್ಷ ಬಿಟ್ಟು ಅಲ್ಲಿನ ಅತಿ ದೊಡ್ಡ ಲೀಗ್ ಎನ್‌ಎಚ್‌ಎಲ್‌ನಲ್ಲಿ ಇರಬಹುದು. ಅಲ್ಲಿ ಕೂರುವವರು ಮೂವತ್ತು ನಲವತ್ತು ವರ್ಷದಿಂದ ಅದೇ ಸೀಟಿನಲ್ಲಿ ಕೂತ ಅಜ್ಜ-ಅಜ್ಜಿಯರು, ಪಕ್ಕದಲ್ಲಿ ಹೊಸಬ ಕೂತಿದ್ದಾನೆ ಅಂತ ಗೊತ್ತಾದರೆ ಆಫ್‌ಸೈಡ್, ಐಸಿಂಗ್ ಅಂತ ನಿಯಮಗಳನ್ನೆಲ್ಲ ಪಾಠ ಮಾಡಿಯೇ ಕಳಿಸುತ್ತಾರೆ. ಅಪ್ಪನಿಗೆ ಹೇಳಿ ಮಾಡಿಸಿದ ಜಾಗ. ಮಿಸಿಸಾಗಾದಿಂದ ಕಾರಿನಲ್ಲಿ ಸುಮಾರು ಒಂದು ಗಂಟೆ.

ಟೊರಾಂಟೊ ಒಳಗೇ ಕೋಕಾ-ಕೋಲಾ ಕೊಲಿಸಿಯಂ ಇದೆ. ಸುಮಾರು ಎಂಟು ಸಾವಿರ ಜನ ಹಿಡಿಯುತ್ತದೆ, ಮೂಲ ಕಟ್ಟಡ 1921ರದ್ದು. ಲೀಫ್ಸ್‌ನ ಕೆಳಗಿನ ತಂಡ ಮಾರ್ಲೀಸ್ ಆಡುವುದು ಅಲ್ಲಿ. 2024ರಲ್ಲಿ ಶುರುವಾದ ಮಹಿಳಾ ಲೀಗ್‌ನ ಟೊರಾಂಟೊ ಸೆಪ್ಟರ್ಸ್ ತಂಡವೂ ಈಗ ಅಲ್ಲೇ. ಹೆಂಗಸರ ಮ್ಯಾಚ್ ತಪ್ಪಿಸಬೇಡ. ಸ್ಟ್ಯಾಂಡಿನಲ್ಲಿ ಸ್ಕೂಲ್ ಹುಡುಗಿಯರೇ ಜಾಸ್ತಿ. ಗೋಲ್ ಆದಾಗ ಅವರು ಕಿರುಚುವ ಕಿರುಚಿಗೆ ಕಿವಿ ತೂತು ಬೀಳುತ್ತದೆ.

ಟಿಕೆಟ್ ಇಲ್ಲದೆಯೂ ನೋಡುವಂಥದ್ದಿದೆ. ಕಾರ್ಲ್ಟನ್ ಸ್ಟ್ರೀಟ್, ಚರ್ಚ್ ಸ್ಟ್ರೀಟ್ ಸೇರುವ ಮೂಲೆಯಲ್ಲಿ ಹಳೆಯ ಮೇಪಲ್ ಲೀಫ್ ಗಾರ್ಡನ್ಸ್. 1931ರಿಂದ 1999ರವರೆಗೆ ಲೀಫ್ಸ್ ಆಡಿದ್ದು ಅಲ್ಲಿ. ಈಗ ಕೆಳಗಡೆ ಸೂಪರ್‌ಮಾರ್ಕೆಟ್, ಮೇಲ್ಗಡೆ ಯೂನಿವರ್ಸಿಟಿಯ ರಿಂಕ್, ಅಂದರೆ ಐಸ್ ಅಂಕಣ. ಒಳಗೆ ಹೋಗಿ ದಿನಸಿ ಸಾಲುಗಳ ಮಧ್ಯೆ ನೆಲ ನೋಡಿಕೊಂಡು ನಡೆ. ಒಂದು ಕಡೆ ಕೆಂಪು ಚುಕ್ಕೆ ಇದೆ. ಹಳೆಯ ರಿಂಕ್‌ನ ನಟ್ಟನಡುವಿನ ಬಿಂದು ಅದು, ಫೇಸ್-ಆಫ್ ಆಗಿ ಆಟ ಶುರುವಾಗುತ್ತಿದ್ದ ಜಾಗ. ಜನ ಬೇಳೆ ಡಬ್ಬ ತುಂಬಿದ ಗಾಡಿ ತಳ್ಳಿಕೊಂಡು ಅದರ ಮೇಲೇ ಹೋಗುತ್ತಿರುತ್ತಾರೆ, ಯಾರಿಗೂ ಪರಿವೆಯಿಲ್ಲ. ಆಮೇಲೆ ಯೂನಿಯನ್ ಸ್ಟೇಷನ್ ಹತ್ತಿರ ಹಾಕಿ ಹಾಲ್ ಆಫ್ ಫೇಮ್. 1885ರ ಹಳೆಯ ಬ್ಯಾಂಕ್ ಕಟ್ಟಡ ಕೂಡ ಅದರ ಭಾಗ, ಲಾರ್ಡ್ ಸ್ಟ್ಯಾನ್ಲಿ 1892ರಲ್ಲಿ ಕೊಟ್ಟ ಮೂಲ ಬೆಳ್ಳಿ ಬಟ್ಟಲನ್ನು, ಅಂದರೆ ಎನ್‌ಎಚ್‌ಎಲ್ ಗೆದ್ದವರಿಗೆ ಸಿಗುವ ಸ್ಟ್ಯಾನ್ಲಿ ಕಪ್‌ನ ಮೂಲವನ್ನು, ಆ ಬ್ಯಾಂಕಿನ ತಿಜೋರಿ ಕೋಣೆಯಲ್ಲೇ ಇಟ್ಟಿದ್ದಾರೆ.

ಜರ್ಸಿ ಆರಾಮಾಗಿ ಹಾಕಿಕೊ. ಎನ್‌ಎಚ್‌ಎಲ್‌ನಲ್ಲಿ ಎದುರು ತಂಡದವರಿಗೆ ಬೇರೆ ಸ್ಟ್ಯಾಂಡ್ ಅಂತ ಇಲ್ಲ, ಎಲ್ಲರೂ ಬೆರೆತು ಕೂರುತ್ತಾರೆ. ಕಿಚಾಯಿಸುತ್ತಾರೆ, ಅಷ್ಟೇ. "1967" ಅಂತ ಮಾತ್ರ ಬಾಯಿ ಬಿಡಬೇಡ. ಟೊರಾಂಟೊ ಕೊನೆಯ ಸಲ ಸ್ಟ್ಯಾನ್ಲಿ ಕಪ್ ಗೆದ್ದಿದ್ದು ಆಗ.

ಮದ್ದೂರು_ವಡೆ:

ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಮೈಸೂರಿನಿಂದ ಅಷ್ಟು ದೂರ ಹೋಗಿ ಜೂನಿಯರ್ ಮ್ಯಾಚ್ ನೋಡಿ ಬಂದೆ ಅಂದರೆ ಯಾರು ಒಪ್ಪುತ್ತಾರೆ? ಮಾಂಟ್ರಿಯಲ್ ಜರ್ಸಿ ಇಟ್ಟುಕೊಂಡು ಮಾಂಟ್ರಿಯಲ್‌ಗೆ ಹೋಗದೆ ಬರುತ್ತೀರಾ?

ಬೆಲ್ ಸೆಂಟರ್‌ಗೆ ಹೋಗಿ ಸರ್. ಬೇಕಾದರೆ ಬೇರೆ ಎಲ್ಲವನ್ನೂ ಬಿಡಿ. ಸುಮಾರು 21 ಸಾವಿರ ಸೀಟು, ಎನ್‌ಎಚ್‌ಎಲ್‌ನಲ್ಲೇ ಅತಿ ದೊಡ್ಡದು. ಆದರೆ ವಿಷಯ ಸೀಟಿನದಲ್ಲ. ಟೊರಾಂಟೊದಲ್ಲಿ ಕೆಳಗಿನ ಸಾಲುಗಳಲ್ಲಿ ಕಂಪನಿ ಟಿಕೆಟ್‌ನವರೇ ಜಾಸ್ತಿ, ಕೋಟು ಹಾಕಿಕೊಂಡು ಫೋನ್ ನೋಡುತ್ತಾ ಕೂತಿರುತ್ತಾರೆ, ಇಂಟರ್ವಲ್ ಮುಗಿದು ಐದು ನಿಮಿಷ ಆದರೂ ಸೀಟಿಗೆ ಬಂದಿರುವುದಿಲ್ಲ. ಮಾಂಟ್ರಿಯಲ್‌ನಲ್ಲಿ ಹಾಗಲ್ಲ. ಗೋಲ್‌ಕೀಪರ್ ಒಂದು ಒಳ್ಳೆ ಸೇವ್ ಮಾಡಿದರೆ ಮೇಲಿನ ಕೊನೇ ಸಾಲಿನವರೂ ಎದ್ದು ನಿಲ್ಲುತ್ತಾರೆ. ರೆಫರಿ ಮೇಲೆ ಸಿಟ್ಟು ಬಂದರೆ ಫ್ರೆಂಚಿನಲ್ಲಿ ಬೈಗುಳ, ಆಮೇಲೆ ಇಂಗ್ಲಿಷಿನಲ್ಲಿ ಬೈಗುಳ. ಅನೌನ್ಸ್‌ಮೆಂಟ್ ಕೂಡ ಎರಡೂ ಭಾಷೆಯಲ್ಲಿ. ತಲೆ ಎತ್ತಿ ನೋಡಿದರೆ ಮೇಲೆ 24 ಸ್ಟ್ಯಾನ್ಲಿ ಕಪ್ ಬ್ಯಾನರ್ ಸಾಲಾಗಿ ತೂಗುತ್ತಿರುತ್ತವೆ. ಕೊನೆಯದು 1993ರದ್ದು, ಅದು ಬೇರೆ ಮಾತು.

ಟೊರಾಂಟೊ ಯೂನಿಯನ್ ಸ್ಟೇಷನ್‌ನಿಂದ ರೈಲಿನಲ್ಲಿ ಐದೂ ಚಿಲ್ಲರೆ ಗಂಟೆ. ಇಳಿದ ಸ್ಟೇಷನ್‌ನಿಂದ ಅರೀನಾಗೆ ನಡೆದೇ ಹೋಗಬಹುದು, ಅದೂ ಬಹುತೇಕ ನೆಲದಡಿಯ ದಾರಿಯಲ್ಲಿ. ಅಪ್ಪನಿಗೆ ಚಳಿ ತಾಗುವುದಿಲ್ಲ. ಅವರು ಸಸ್ಯಾಹಾರಿಗಳಾದರೆ ಪೂಟೀನ್ ತಿನ್ನುವ ಮುಂಚೆ ಕೇಳಿ. ಆಲೂಗಡ್ಡೆ, ಚೀಸ್ ಅಂತ ನೋಡಲು ಸಾಧು, ಮೇಲೆ ಸುರಿಯುವ ಗ್ರೇವಿ ಸಾಮಾನ್ಯವಾಗಿ ಮಾಂಸದ್ದು.

ಸೀಟು ಹೇಳುತ್ತೇನೆ. ಗ್ಲಾಸ್ ಪಕ್ಕದ ಸೀಟು ಅಂತ ಆಸೆಪಡಬೇಡಿ. ಆಟಗಾರ ಗೋಡೆಗೆ ಬಡಿದಾಗ ಎದೆ ಝಲ್ ಅನ್ನುತ್ತದೆ, ನಿಜ. ಆದರೆ ಆ ತುದಿಯಲ್ಲಿ ಏನಾಗುತ್ತಿದೆ ಅಂತ ಗೊತ್ತೇ ಆಗುವುದಿಲ್ಲ. ರಿಂಕ್ 200 ಅಡಿ ಉದ್ದ. ಮೇಲಿನ ಹಂತದ ಮುಂದಿನ ಸಾಲುಗಳಲ್ಲಿ, ಐಸ್ ಮೇಲಿನ ನೀಲಿ ಗೆರೆಯ ನೇರಕ್ಕೆ ತಗೊಳ್ಳಿ. ಅಲ್ಲಿಂದ ಟಿವಿಯಲ್ಲಿ ಕಾಣದ್ದು ಕಾಣುತ್ತದೆ. ಟಿವಿ ಕ್ಯಾಮೆರಾ ಪಕ್ (ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆ) ಹಿಂದೆ ಓಡುತ್ತದೆ, ಅಲ್ವಾ? ಬೆಂಚು ಕಾಣುವುದಿಲ್ಲ. ಆಟ ನಿಲ್ಲದೆಯೇ ಐದು ಜನ ಬೆಂಚಿನ ಗೋಡೆ ಹಾರಿ ಒಳಗೆ ಬರುತ್ತಾರೆ, ಹಳಬರು ಉಸಿರು ಬಿಡುತ್ತಾ ಹೊರಗೆ. ಒಬ್ಬೊಬ್ಬರ ಸರದಿ ಮುಕ್ಕಾಲು ನಿಮಿಷ ಇದ್ದರೆ ಹೆಚ್ಚು. ಕೋಚ್ ಎದುರು ತಂಡದ ಯಾವ ಲೈನ್ (ಒಟ್ಟಿಗೆ ಇಳಿಯುವ ಆಟಗಾರರ ಗುಂಪು) ವಿರುದ್ಧ ಯಾರನ್ನು ಬಿಡುತ್ತಾನೆ ಅನ್ನುವುದೇ ಅರ್ಧ ಆಟ. ನಿಮ್ಮ ಅಪ್ಪ ಹಾಕಿ ಬಲ್ಲವರು, ಮೊದಲ ಪೀರಿಯಡ್‌ನಲ್ಲೇ ಹಿಡಿದುಬಿಡುತ್ತಾರೆ ನೋಡಿ.

ಮೇಲಿನ ಹಂತದ ಮೆಟ್ಟಿಲು ಮಾತ್ರ ಕಡಿದು. ಮಂಡಿ ನೋವಿನವರಿಗೆ ಕಷ್ಟ. ಆದ್ದರಿಂದಲೇ ಮುಂದಿನ ಸಾಲು ಅಂದೆ. ಆಟ ನಡೆಯುವಾಗ ಎದ್ದು ಓಡಾಡುವಂತಿಲ್ಲ, ವಿಸಿಲ್ ಆಗುವವರೆಗೆ ಸಿಬ್ಬಂದಿ ಮೆಟ್ಟಿಲ ಮೇಲೇ ತಡೆದು ನಿಲ್ಲಿಸುತ್ತಾರೆ.

ಶ್ರೀರಂಗಪಟ್ಟಣ_ಲೋಕಲ್:

ಅಮೆರಿಕದ ವೀಸಾ ಇದೆ ಅಂದಿರಲ್ಲ, ಹಾಗಾದರೆ ಬಫಲೋ ಯಾಕೆ ಬಿಡುತ್ತೀರಿ? ಮಿಸಿಸಾಗಾದಿಂದ ಗಡಿ ದಾಟಿದರೆ ಬಂತು. ಅಲ್ಲಿ ಲೀಫ್ಸ್ ಆಡುವ ದಿನ ಅರ್ಧ ಅರೀನಾ ಟೊರಾಂಟೊದವರೇ. ಊರಲ್ಲಿ ಟಿಕೆಟ್ ಕೈಗೆಟುಕದವರೆಲ್ಲ ಅಲ್ಲಿಗೆ ನುಗ್ಗುತ್ತಾರೆ. ಹಾಗಾಗಿ ಅವತ್ತು ಬೆಲೆ ಜಾಸ್ತಿ, ಬೇರೆ ದಿನ ನೋಡಿ. ಬಫಲೋದಲ್ಲಿ ಎದುರು ತಂಡ ಯಾವುದೇ ಇರಲಿ, ಕೆನಡಾ ರಾಷ್ಟ್ರಗೀತೆಯನ್ನೂ ಹಾಡುತ್ತಾರೆ.

ನ್ಯೂಯಾರ್ಕ್‌ವರೆಗೂ ಹೋಗುವುದಾದರೆ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಈಗಿನ ಕಟ್ಟಡ 1968ರದ್ದು. ಕೆಳಗಡೆ ಪೆನ್ ಸ್ಟೇಷನ್, ಐದನೇ ಮಹಡಿಯಲ್ಲಿ ಐಸ್! ನಾನು ನ್ಯೂಜೆರ್ಸಿಯಲ್ಲಿದ್ದಾಗ ದುಡ್ಡಿದ್ದರೆ ಅಲ್ಲಿಗೆ, ಇಲ್ಲದಿದ್ದರೆ ನ್ಯೂವಾರ್ಕ್‌ನ ಪ್ರುಡೆನ್ಷಿಯಲ್ ಸೆಂಟರ್‌ಗೆ ಹೋಗುತ್ತಿದ್ದೆ. ಅದು 2007ರಲ್ಲಿ ಆಗಿದ್ದು, ರೈಲು ಇಳಿದು ನಡೆದರೆ ಸಿಗುತ್ತದೆ. ಸೀಟು ಅಗಲ, ಗಲಾಟೆ ಕಡಿಮೆ. ಗಾರ್ಡನ್‌ನಲ್ಲಿ ಮ್ಯಾಚ್ ಬಿಟ್ಟಾಗ ಮೆಟ್ಟಿಲಿಳಿಯುವ ನೂಕುನುಗ್ಗಲು ಥೇಟ್ ಜಂಬೂಸವಾರಿ ಮುಗಿದ ಮೇಲಿನ ಸಯ್ಯಾಜಿರಾವ್ ರಸ್ತೆ.

ಟಿಕೆಟ್ ಬಗ್ಗೆ ಒಂದು ಮಾತು. ರೀಸೇಲ್‌ನಲ್ಲಿ ಬೆಲೆ ಮ್ಯಾಚ್ ದಿನ ಮಧ್ಯಾಹ್ನದ ಮೇಲೆ ಇಳಿಯುವುದುಂಟು. ಮಂಗಳವಾರ ಬುಧವಾರ, ಎದುರಾಳಿ ಡಲ್ ತಂಡ ಆದರೆ ಇನ್ನೂ ಒಳ್ಳೆಯದು. ಆದರೆ ಫೇಸ್‌ಬುಕ್ ಗುಂಪಿನಲ್ಲಿ ಸ್ಕ್ರೀನ್‌ಶಾಟ್ ಕಳಿಸಿ ದುಡ್ಡು ಕೇಳುವವರ ಹತ್ತಿರ ಹೋಗಬೇಡಿ. ಟಿಕೆಟ್ ಆ್ಯಪ್‌ಗೆ ವರ್ಗಾವಣೆ ಆದರಷ್ಟೇ ಅದು ಟಿಕೆಟ್. ದೊಡ್ಡ ಬ್ಯಾಗ್ ಎಲ್ಲೂ ಬಿಡುವುದಿಲ್ಲ, ಅಕ್ಕನ ಮನೆಯಲ್ಲೇ ಬಿಟ್ಟು ಹೋಗಿ.

ಕುವೆಂಪುನಗರ_ಕಾಫಿ:

ಅಬ್ಬಾ, ಇಷ್ಟು ಜನ ಇದ್ದೀರಾ! ಮದ್ದೂರು ಸರ್, ನೀಲಿ ಗೆರೆ ವಿಷಯ ಬರೆದುಕೊಂಡೆ. ಅಪ್ಪನಿಗೆ ಓದಿ ಹೇಳಿದೆ, "ಬೆಂಚು ನೋಡೋಕೆ ಅಷ್ಟು ದುಡ್ಡಾ" ಅಂದರು.

ಒಂದು ಸಂಶಯ. ಟೊರಾಂಟೊದಲ್ಲಿ, ನ್ಯೂಯಾರ್ಕ್‌ನಲ್ಲಿ ಬಾಸ್ಕೆಟ್‌ಬಾಲ್ ಕೂಡ ಅದೇ ಅರೀನಾದಲ್ಲಿ ಅಲ್ವಾ? ಪ್ರತಿ ಸಲ ಐಸ್ ಕರಗಿಸುತ್ತಾರಾ?

ವಾಟರ್ಲೂ_ವಾಪಸಿ:

ಇಲ್ಲ. ಐಸ್ ಸೀಸನ್ ಪೂರ್ತಿ ಅಲ್ಲೇ ಇರುತ್ತದೆ. ಮೇಲೆ ಶಾಖ ತಡೆಯುವ ಹಲಗೆ ಹಾಸಿ, ಅದರ ಮೇಲೆ ಮರದ ಕೋರ್ಟ್ ಜೋಡಿಸುತ್ತಾರೆ. ಐಸ್ ದಪ್ಪ ಒಂದು ಇಂಚಿನ ಆಸುಪಾಸು ಅಷ್ಟೇ. ಕೆಳಗೆ ಕಾಂಕ್ರೀಟ್, ಅದರೊಳಗೆ ಕೊಳವೆ, ಕೊಳವೆಯಲ್ಲಿ ಸೊನ್ನೆಗಿಂತ ಕೆಳಗೆ ತಣಿಸಿದ ಉಪ್ಪುನೀರಿನಂಥ ದ್ರವ.

ಮರೆತಿದ್ದೆ, ಮ್ಯಾಚ್‌ಗೆ ಬೇಗ ಹೋಗು. ಶುರುವಾಗುವ ಅರ್ಧ ಗಂಟೆ ಮುಂಚೆ ವಾರ್ಮ್-ಅಪ್ ಇರುತ್ತದೆ. ಆಗ ಬಹಳ ಕಡೆ ಮೇಲಿನ ಟಿಕೆಟ್‌ನವರನ್ನೂ ಗ್ಲಾಸ್‌ವರೆಗೆ ಬಿಡುತ್ತಾರೆ, ಕೇಳಿ ನೋಡು. ಸ್ಕೇಟ್ ಅಲಗು ಐಸ್ ಕೊರೆಯುವ ಸದ್ದು, ಪಕ್ ಹಲಗೆಗೆ ಬಡಿಯುವ ಸದ್ದು ಟಿವಿಯಲ್ಲಿ ಹೀಗೆ ಕೇಳುವುದೇ ಇಲ್ಲ. ಪಕ್ ಅಂದರೆ 170 ಗ್ರಾಂನಷ್ಟು ಗಟ್ಟಿ ರಬ್ಬರ್, ಅದನ್ನೂ ಪುಟಿಯದಿರಲಿ ಅಂತ ಫ್ರೀಜರ್‌ನಲ್ಲಿಟ್ಟು ತರುತ್ತಾರೆ. ಗ್ಯಾಲರಿಗೆ ಬಿದ್ದರೆ ಸಿಕ್ಕಿದವರಿಗೆ.

ಪಾಂಡವಪುರ_ಅಕ್ಕ:

ಅಮೆರಿಕ, ಕೆನಡಾ ಬಿಟ್ಟು ಯಾರೂ ಮಾತಾಡುತ್ತಿಲ್ಲವಲ್ಲ. ನಾವು ಸ್ವಿಟ್ಜರ್ಲೆಂಡ್‌ನಲ್ಲಿದ್ದೆವು. ಬರ್ನ್‌ನ ಅರೀನಾದಲ್ಲಿ ಸಾವಿರಾರು ಜನ ನಿಂತೇ ಮ್ಯಾಚ್ ನೋಡುತ್ತಾರೆ. ನಿಂತು ನೋಡುವ ಟಿಕೆಟ್ ಅಗ್ಗ. ಡೋಲು, ಬಾವುಟ, ಮೂರೂ ಪೀರಿಯಡ್ ನಿಲ್ಲದ ಹಾಡು. ಅಲ್ಲಿ ಎದುರು ತಂಡದವರಿಗೆ ಬೇರೆ ಮೂಲೆ ಇರುತ್ತದೆ, ಜರ್ಸಿ ನೋಡಿಕೊಂಡು ಹಾಕಿಕೊಳ್ಳಬೇಕಪ್ಪ. ದಾವೋಸ್‌ನಲ್ಲಿ 1923ರಿಂದ ಸ್ಪೆಂಗ್ಲರ್ ಕಪ್ ನಡೆಯುತ್ತಿದೆ, ಕ್ರಿಸ್ಮಸ್ ಮಾರನೇ ದಿನದಿಂದ ಡಿಸೆಂಬರ್ 31ರವರೆಗೆ. ಅಲ್ಲಿನ ಮರದ ಮೇಲ್ಛಾವಣಿ ನೋಡಲಿಕ್ಕಾದರೂ ಒಮ್ಮೆ ಹೋಗು ತಮ್ಮಾ.

ಮಂಡ್ಯ_ಫೌಜಿ:

ಎಲ್ಲರೂ ಪಾಸ್‌ಪೋರ್ಟ್ ಹಿಡಿದುಕೊಂಡೇ ಮಾತಾಡುತ್ತಿದ್ದೀರಿ. ಲೇಹ್ ನೆನಪಿದೆಯಾ ಯಾರಿಗಾದರೂ?

ಸರ್ವಿಸ್‌ನಲ್ಲಿದ್ದಾಗ ಅಲ್ಲಿ ಪೋಸ್ಟಿಂಗ್ ಇತ್ತು. ಕರ್ಜೂ ಅಂತ ಒಂದು ಕೊಳ ಇದೆ, ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ, ಅದೇ ರಿಂಕ್. ಡಿಸೆಂಬರ್ ಮಧ್ಯದಿಂದ ಫೆಬ್ರವರಿ ಮಧ್ಯದವರೆಗೆ ಮಾತ್ರ ಆಟ. ಟಿಕೆಟ್ ಇಲ್ಲ, ಸೀಟು ಇಲ್ಲ. ಗಂಡಸರು ಹೆಂಗಸರು ಮಕ್ಕಳು ಸುತ್ತ ನಿಂತು ಉಪ್ಪು ಹಾಕಿದ ಬೆಣ್ಣೆ ಚಹಾ ಕುಡಿಯುತ್ತಾ ನೋಡುತ್ತಾರೆ. ಸೇನೆಯ ಲಡಾಖ್ ಸ್ಕೌಟ್ಸ್ ಮತ್ತು ಗಡಿ ಪೊಲೀಸ್ ಪಡೆ ಐಟಿಬಿಪಿ ತಂಡಗಳು ಆಡುವ ದಿನ ಕಾಲಿಡಲು ಜಾಗ ಇರುವುದಿಲ್ಲ. ಈಗ ಊರಲ್ಲಿ ಎನ್‌ಡಿಎಸ್ ಸ್ಟೇಡಿಯಂನಲ್ಲಿ ಕೃತಕ ಐಸ್ ರಿಂಕ್ ಕೂಡ ಆಗಿದೆ, ಖೇಲೋ ಇಂಡಿಯಾ ವಿಂಟರ್ ಗೇಮ್ಸ್ ಹಾಕಿ ಅಲ್ಲೂ ನಡೆದಿದೆ. 2025ರಲ್ಲಿ ಏಷ್ಯಾ ಕಪ್‌ನಲ್ಲಿ ಕಂಚು ಗೆದ್ದ ನಮ್ಮ ಹೆಂಗಸರ ತಂಡದಲ್ಲಿ ಹೆಚ್ಚಿನವರು ಈ ಕಡೆಯ ಹುಡುಗಿಯರೇ. ಕೊಳದ ಮೇಲೆ ಆಡಿ ಕಲಿತವರು.

ಆದರೆ 11 ಸಾವಿರ ಅಡಿಗಿಂತ ಎತ್ತರ. ಇಳಿದ ದಿನವೇ ಓಡಾಡಬೇಡಿ. ಎರಡು ದಿನ ಸುಮ್ನೆ ಮಲಗಿ. ಅಪ್ಪನನ್ನು ಡಾಕ್ಟರ್ ಕೇಳದೆ ಕರೆದುಕೊಂಡು ಹೋಗಲೇಬೇಡಿ.

ಕುವೆಂಪುನಗರ_ಕಾಫಿ:

ಫೌಜಿ ಸರ್, ಲೇಹ್‌ಗೆ ಮುಂದಿನ ಚಳಿಗಾಲದಲ್ಲಿ ನಾನೊಬ್ಬನೇ ಹೋಗುತ್ತೇನೆ.

ಸದ್ಯಕ್ಕೆ ಹೀಗೆ ಅಂದುಕೊಂಡಿದ್ದೇನೆ: ಮೊದಲು ಕಿಚನರ್, ಆಮೇಲೆ ಮಾಂಟ್ರಿಯಲ್, ದುಡ್ಡು ಉಳಿದರೆ ಬಫಲೋ. ಟೊರಾಂಟೊದಲ್ಲಿ ಸೆಪ್ಟರ್ಸ್ ಮತ್ತು ಮಾರ್ಲೀಸ್. ಲೀಫ್ಸ್ ಮನೆ ಮ್ಯಾಚ್ ಬಿಡುವುದಾ ಬೇಡವಾ ಅಂತ ಮನಸ್ಸು ಒಪ್ಪುತ್ತಿಲ್ಲ. ಶನಿವಾರ ರಾತ್ರಿಯ ಮ್ಯಾಚ್ ಅಂದರೆ ಹಬ್ಬ ಅನ್ನುತ್ತಾರಲ್ಲ.

ವಾಟರ್ಲೂ_ವಾಪಸಿ:

ಹಾಗಾದರೆ ಮಾರ್ಲೀಸ್, ಲೀಫ್ಸ್ ಎರಡರ ವೇಳಾಪಟ್ಟಿಯನ್ನೂ ಪಕ್ಕ ಪಕ್ಕ ಇಟ್ಟು ನೋಡು. ಮಾರ್ಲೀಸ್ ಮ್ಯಾಚ್ ಶನಿವಾರ ಮಧ್ಯಾಹ್ನ ಇರುವುದುಂಟು. ಅದು ಮುಗಿಸಿ ಹತ್ತಿರದ ಎಕ್ಸಿಬಿಷನ್ ಸ್ಟೇಷನ್‌ನಲ್ಲಿ ಗೋ ರೈಲು (ಅಲ್ಲಿನ ಲೋಕಲ್ ರೈಲು) ಹತ್ತಿದರೆ ಮುಂದಿನ ಸ್ಟಾಪೇ ಯೂನಿಯನ್, ಲೀಫ್ಸ್ ಆಡುವ ಸ್ಕೋಷಿಯಾಬ್ಯಾಂಕ್ ಅರೀನಾ ಅದಕ್ಕೆ ಅಂಟಿಕೊಂಡೇ ಇದೆ. ಆರು ಗಂಟೆ ಹೊತ್ತಿಗೆ ರೀಸೇಲ್ ಬೆಲೆ ನೋಡು. ಕೈಗೆಟುಕಿದರೆ ಒಳಗೆ, ಇಲ್ಲದಿದ್ದರೆ ಅದೇ ಸ್ಟೇಷನ್‌ನಿಂದ ಮಿಸಿಸಾಗಾಗೆ ರೈಲು ಇದೆ.